ಒಂದು ಸೋಪಿಗೆ ಒಬ್ಬ ಹೊಣೆಗಾರ

ಕಿರಾಣಿ ಅಂಗಡಿಯಲ್ಲಿ ಬಟ್ಟೆ ಒಗೆಯುವ ಪೌಡರ್ ಕೇಳಿದರೆ ಅಂಗಡಿಯವರು ಮರುಪ್ರಶ್ನೆ ಹಾಕುತ್ತಾರೆ: ‘ಸರ್ಫ್ ಎಕ್ಸೆಲ್ ಕೊಡ್ಲಾ, ರಿನ್ನಾ, ವೀಲಾ?’ ಮೂರಕ್ಕೂ ಬೇರೆ ಬೇರೆ ಬೆಲೆ, ಬೇರೆ ಬೇರೆ ಪ್ಯಾಕೆಟ್, ಬೇರೆ ಬೇರೆ ಜಾಹೀರಾತು. ಪ್ಯಾಕೆಟ್ ತಿರುಗಿಸಿ ಸಣ್ಣ ಅಕ್ಷರ ಓದಿದರೆ ಮೂರೂ ಹಿಂದೂಸ್ತಾನ್ ಯೂನಿಲಿವರ್‌ನವು. ಪಕ್ಕದಲ್ಲಿರುವ ಏರಿಯಲ್ ಮತ್ತು ಟೈಡ್ ಎರಡೂ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವು. ಟೀ ಪುಡಿಯ ಸಾಲಿಗೆ ಬಂದರೂ ಇದೇ ಕಥೆ: ರೆಡ್ ಲೇಬಲ್, ತ್ರೀ ರೋಸಸ್, ತಾಜ್ ಮಹಲ್ ಒಂದೇ ಮನೆಯ ಮಕ್ಕಳು.

ಒಂದು ಕಂಪನಿ ತನ್ನದೇ ಸರಕುಗಳನ್ನು ಹೀಗೆ ಎದುರುಬದುರು ಯಾಕೆ ನಿಲ್ಲಿಸುತ್ತದೆ? ನಿಲ್ಲಿಸಿಯೂ ಮನೆ ಒಡೆಯದಂತೆ ಹೇಗೆ ನೋಡಿಕೊಳ್ಳುತ್ತದೆ? ಇದರ ಹಿಂದೆ ಒಂದು ಕಸುಬಿದೆ. ಬ್ರ್ಯಾಂಡ್ ಮ್ಯಾನೇಜರ್ ಎಂದು ಇವತ್ತು ನಾವು ಕರೆಯುವವರ ಕಸುಬು. ಅದರ ಮೂಲ ಹುಡುಕುತ್ತ ಹೋದರೆ ಮೂರು ಪುಟದ ಒಂದು ಟಿಪ್ಪಣಿ ಸಿಗುತ್ತದೆ.

ಅಮೆರಿಕದ ಸಿನ್ಸಿನಾಟಿಯಲ್ಲಿ 1837ರಲ್ಲಿ ಮೇಣದಬತ್ತಿ ಮಾಡುವ ವಿಲಿಯಂ ಪ್ರಾಕ್ಟರ್ ಮತ್ತು ಸೋಪು ಮಾಡುವ ಜೇಮ್ಸ್ ಗ್ಯಾಂಬಲ್ ಸೇರಿ ವ್ಯಾಪಾರ ಶುರು ಮಾಡಿದರು. ಇಬ್ಬರೂ ಅಕ್ಕತಂಗಿಯರನ್ನು ಮದುವೆಯಾದ ಷಡ್ಡಕರು. ಇಬ್ಬರನ್ನೂ ಒಂದೇ ವ್ಯಾಪಾರಕ್ಕೆ ಸೇರಿಸಿದವರು ಮಾವ. 1879ರಲ್ಲಿ ಬಂದ ಐವರಿ ಎಂಬ ಬಿಳಿ ಸೋಪು ಕಂಪನಿಯ ಹೆಸರನ್ನು ಮನೆಮನೆಗೆ ಒಯ್ದಿತು. ನೀರಿನಲ್ಲಿ ತೇಲುವ, ಶೇಕಡಾ 99.44ರಷ್ಟು ಶುದ್ಧ ಎಂದು ಹೇಳಿಕೊಳ್ಳುವ ಸೋಪದು. 1926ರಲ್ಲಿ ಅದೇ ಕಂಪನಿ ಕ್ಯಾಮೆ ಎಂಬ ಪರಿಮಳದ ಸೋಪನ್ನು ತಂದಿತು. ಸೋಪು ಚೆನ್ನಾಗಿಯೇ ಇತ್ತು. ಆದರೆ ಹೊರಗೆ ಪಾಮೋಲಿವ್, ಲಕ್ಸ್‌ಗಳ ಜೊತೆ ಸೆಣಸಬೇಕು. ಒಳಗೆ ಹಿರಿಯಣ್ಣನಂತಿದ್ದ ಐವರಿಯ ನೆರಳು. ಕಂಪನಿಯ ಗಮನವೆಲ್ಲ ಅಣ್ಣನ ಮೇಲೆ.

ಕ್ಯಾಮೆಯ ಜಾಹೀರಾತು ನೋಡಿಕೊಳ್ಳುತ್ತಿದ್ದ ನೀಲ್ ಮೆಕೆಲ್ರಾಯ್‌ಗೆ ಆಗ ಇಪ್ಪತ್ತಾರು ವರ್ಷ. 1931ರ ಮೇ 13ರಂದು ಅವರು ಮೇಲಿನವರಿಗೆ ಒಂದು ಟಿಪ್ಪಣಿ ಬರೆದರು. ಯಾವುದೇ ವಿಷಯವಿರಲಿ, ಒಂದು ಪುಟ ಮೀರಬಾರದು ಎಂಬುದು ಅಧ್ಯಕ್ಷ ರಿಚರ್ಡ್ ಡ್ಯೂಪ್ರಿ ಅವರ ಕಟ್ಟುನಿಟ್ಟು. ಮೆಕೆಲ್ರಾಯ್ ಮೂರು ಪುಟ ಬರೆದರು. ಅದೂ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ಇನ್ನಿಬ್ಬರು ಬೇಕು ಎಂದು ಕೇಳುವುದಕ್ಕೆ. ಕೇಳುವ ನೆಪದಲ್ಲಿ, ಒಂದು ಬ್ರ್ಯಾಂಡನ್ನು ನೋಡಿಕೊಳ್ಳುವವನ ದಿನಚರಿ ಹೇಗಿರಬೇಕು ಎಂಬುದನ್ನು ಸಾಲುಸಾಲಾಗಿ ಬರೆದಿಟ್ಟರು. ಡ್ಯೂಪ್ರಿ ಒಪ್ಪಿದರು.

ಆ ದಿನಚರಿಯ ಕ್ರಮವೇ ಈ ಕಸುಬಿನ ಜೀವಾಳ. ಮೊದಲ ಕೆಲಸ: ಯಾವ ಪ್ರದೇಶಕ್ಕೆ ಎಷ್ಟು ಮಾಲು ಹೋಗುತ್ತಿದೆ ಎಂಬ ಲೆಕ್ಕವನ್ನು ಕಣ್ಣಿಟ್ಟು ಓದಬೇಕು. ಎರಡನೆಯದು: ಎಲ್ಲಿ ಸೋಪು ಚೆನ್ನಾಗಿ ಓಡುತ್ತಿದೆಯೋ ಅಲ್ಲಿ ಯಾವ ಯಾವ ಪ್ರಯತ್ನ ಸೇರಿ ಫಲ ಕೊಟ್ಟಿತು ಎಂದು ನೋಡಬೇಕು, ಅದೇ ಉಪಾಯ ಅಂಥದೇ ಬೇರೆ ಊರುಗಳಿಗೆ ಹೊಂದುತ್ತದೆಯೇ ಎಂದು ಯೋಚಿಸಬೇಕು. ಸೋತ ಜಾಗಕ್ಕೆ ಹೋಗುವುದು ಆಮೇಲೆ. ನನಗೆ ಬಹಳ ಹಿಡಿಸಿದ್ದು ಈ ಜಾಣತನ. ಅನುಭವವಿರುವ ರೈತ ಸೊರಗಿದ ಗದ್ದೆಯ ಬದುವಿನಲ್ಲಿ ನಿಂತು ಕೊರಗುವ ಮೊದಲು ಪಕ್ಕದ ಹುಲುಸು ಗದ್ದೆಗೆ ಇಳಿದು ಮಣ್ಣು ಮುಟ್ಟಿ ನೋಡುತ್ತಾನಲ್ಲ, ಹಾಗೆ.

ಸೋತ ಜಾಗದ ವಿಷಯದಲ್ಲೂ ಟಿಪ್ಪಣಿಗೆ ಆತುರವಿಲ್ಲ. ಅಲ್ಲಿ ಹಿಂದೆ ಯಾವ ಜಾಹೀರಾತು, ಯಾವ ಸ್ಕೀಮ್ ನಡೆದಿತ್ತು ಎಂದು ಹಳೆಯ ಕಡತ ತೆಗೆಯಬೇಕು. ಖುದ್ದಾಗಿ ಹೋಗಿ ಅಂಗಡಿಯವರನ್ನು, ಬಳಸುವವರನ್ನು ಮಾತಾಡಿಸಬೇಕು. ತೊಂದರೆಯ ಬೇರು ಸಿಕ್ಕ ಮೇಲೆಯೇ ಆ ಜಾಗಕ್ಕೆ ಸರಿಹೊಂದುವ ಯೋಜನೆ ಮಾಡಬೇಕು. ಅದಕ್ಕೆ ಬೇಕಾದ ಸಾಮಗ್ರಿಯನ್ನು ಸೇಲ್ಸ್‌ನವರ ಕೈಗೆ ಕೊಟ್ಟು, ಮಾರಾಟದ ತನಕ ಬೆನ್ನುಹತ್ತಿ, ಫಲ ಬಂತೇ ಇಲ್ಲವೇ ಎಂದು ದಾಖಲೆ ಇಡಬೇಕು. ಸೋಪಿನ ಹೊದಿಕೆ ಕಾಗದ ಬದಲಾಗಬೇಕೇ ಎಂಬುದೂ ಇದೇ ವ್ಯಕ್ತಿಯ ತಲೆನೋವು.

ಬಳಸುವವರನ್ನು ಮಾತಾಡಿಸುವ ವಿದ್ಯೆ ಆ ಕಂಪನಿಯಲ್ಲಿ ಆಗಲೇ ಬೆಳೆಯುತ್ತಿತ್ತು. ‘ಡಾಕ್’ ಸ್ಮೆಲ್ಸರ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಕಟ್ಟುತ್ತಿದ್ದರು. ಐವರಿಯನ್ನು ಜನ ಮುಖ ತೊಳೆಯಲು ಎಷ್ಟು ಬಳಸುತ್ತಾರೆ, ಪಾತ್ರೆಗೆ ಎಷ್ಟು ಎಂದು ಅವರು ಹಿರಿಯ ಅಧಿಕಾರಿಗಳನ್ನು ಕೇಳುತ್ತಿದ್ದರಂತೆ. ಉತ್ತರ ಯಾರ ಬಳಿಯೂ ಇರಲಿಲ್ಲ. ಅವರು ಕಾಲೇಜು ಓದಿದ ಯುವತಿಯರನ್ನು ಮನೆಮನೆಗೆ ಕಳಿಸಿದರು. ಕೈಯಲ್ಲಿ ಕಾಗದವಿಲ್ಲ, ಪೆನ್ಸಿಲ್ಲಿಲ್ಲ. ಬಾಗಿಲಲ್ಲಿ ನಿಂತು ಗೃಹಿಣಿಯ ಜೊತೆ ಬಟ್ಟೆ, ಪಾತ್ರೆ, ಸೋಪಿನ ನೊರೆಯ ಬಗ್ಗೆ ಮಾತಾಡುವುದು. ಹೇಳಿದ್ದನ್ನೆಲ್ಲ ನೆನಪಿನಲ್ಲಿಟ್ಟುಕೊಂಡು ಹೊರಬಂದ ಮೇಲೆ ಬರೆಯುವುದು. ಕಾಗದ ಕಂಡರೆ ಮನುಷ್ಯ ಬಿಗಿಯಾಗುತ್ತಾನೆ, ಹರಟೆಯಲ್ಲಿ ನಿಜ ಹೇಳುತ್ತಾನೆ ಎಂಬ ತಿಳಿವಳಿಕೆ ಅದು.

ಇನ್ನು ಆಡಳಿತದ ಮಾತು. ಈ ಹುದ್ದೆಯ ಕೈಕೆಳಗೆ ಕಾರ್ಖಾನೆ ಇಲ್ಲ, ಪ್ರಯೋಗಾಲಯ ಇಲ್ಲ, ಸೇಲ್ಸ್‌ನವರ ಪಡೆ ಇಲ್ಲ. ಹೊಣೆ ಮಾತ್ರ ಪೂರ್ತಿ. ನಮ್ಮ ಮದುವೆಮನೆಗಳಲ್ಲಿ ಸೋದರಮಾವ ಓಡಾಡುತ್ತಾನಲ್ಲ, ಅವನು ಅಡುಗೆಯವನಲ್ಲ, ಪುರೋಹಿತನಲ್ಲ, ದುಡ್ಡು ಕೊಡುವವನೂ ಅಲ್ಲ. ಆದರೂ ಹೂವು ಬಂತಾ, ಎರಡನೇ ಪಂಕ್ತಿಗೆ ಎಲೆ ಸಾಲುತ್ತಾ, ಬೀಗರ ಕಡೆಯವರಿಗೆ ಕಾಫಿ ಆಯ್ತಾ ಎಂದು ಏನು ಕೇಳಬೇಕಿದ್ದರೂ ಎಲ್ಲರೂ ಅವನನ್ನೇ ಹುಡುಕುತ್ತಾರೆ. ಬ್ರ್ಯಾಂಡ್ ಮ್ಯಾನೇಜರ್‌ನ ಮಾತು ನಡೆಯುವುದೂ ಹೀಗೆಯೇ. ತನ್ನ ಸರಕಿನ ಬಗ್ಗೆ ಉಳಿದ ಎಲ್ಲರಿಗಿಂತ ಹೆಚ್ಚು ತಿಳಿದಿರುವುದರಿಂದ, ಹುಕುಂ ಮಾಡದೆಯೇ ಹತ್ತು ವಿಭಾಗದವರನ್ನು ಒಪ್ಪಿಸುತ್ತಾನೆ.

ಹೀಗೆ ಐವರಿಗೂ ಕ್ಯಾಮೆಗೂ ಬೇರೆ ಬೇರೆ ಹೊಣೆಗಾರರು ಸಿಕ್ಕರು. ಒಂದು ಇಡೀ ಮನೆಯ ಸರಳ ಶುದ್ಧ ಸೋಪಾಗಿ, ಇನ್ನೊಂದು ಹೆಂಗಸರ ಸೌಂದರ್ಯದ ಸೋಪಾಗಿ ತಮ್ಮ ತಮ್ಮ ದಾರಿ ಹಿಡಿದವು. 1946ರಲ್ಲಿ ಟೈಡ್ ಬಂದಾಗ ತನ್ನದೇ ಹಳೆಯ ಬಟ್ಟೆಸೋಪುಗಳು ಸೊರಗುತ್ತವೆ ಎಂದು ಗೊತ್ತಿದ್ದೂ ಕಂಪನಿ ಹಿಂದೆಗೆಯಲಿಲ್ಲ. ಗೆಲ್ಲುವುದಾದರೆ ನಮ್ಮದರ ಮೇಲೆ ನಮ್ಮದೇ ಗೆಲ್ಲಲಿ ಎಂಬ ಧೈರ್ಯ ಅದು. ಮೆಕೆಲ್ರಾಯ್ 1948ರಲ್ಲಿ ಕಂಪನಿಯ ಅಧ್ಯಕ್ಷರಾದರು, 1957ರಲ್ಲಿ ಅಮೆರಿಕದ ರಕ್ಷಣಾ ಸಚಿವರೂ ಆದರು.

ಇದೇ ಪಾಠವನ್ನು ನಮ್ಮ ದೇಶದಲ್ಲಿ ಪ್ರತಿಸ್ಪರ್ಧಿ ಕಂಪನಿಯೊಂದು ಕಷ್ಟಪಟ್ಟು ಕಲಿಯಿತು. ಅಹಮದಾಬಾದಿನ ಕರ್ಸನ್‌ಭಾಯ್ ಪಟೇಲ್ 1969ರಲ್ಲಿ ಸೈಕಲ್ ಮೇಲೆ ಮಾರಲು ಶುರುಮಾಡಿದ ನಿರ್ಮಾ ಪೌಡರ್ ಸರ್ಫ್‌ಗಿಂತ ತೀರಾ ಅಗ್ಗ. ನೋಡನೋಡುತ್ತ ಅದು ದೇಶವನ್ನೆಲ್ಲ ಹಬ್ಬಿತು. ಆಗಿನ ಹಿಂದೂಸ್ತಾನ್ ಲಿವರ್ ಮೊದಲು ಲಲಿತಾಜಿ ಎಂಬ ಚೌಕಾಸಿ ಗೃಹಿಣಿಯ ಜಾಹೀರಾತಿನಿಂದ ಸರ್ಫ್‌ನ ಬೆಲೆಯನ್ನು ಸಮರ್ಥಿಸಿಕೊಂಡಿತು. ಅಗ್ಗ ಬೇಕಾದವರಿಗೆ ಅದು ಉತ್ತರವಾಗಲಿಲ್ಲ. ಸರ್ಫ್‌ನ ದರ ಇಳಿಸಿದ್ದರೆ ಸರ್ಫ್‌ನ ಮರ್ಯಾದೆಯೂ ಇಳಿಯುತ್ತಿತ್ತು. ಹಾಗಾಗಿ 1980ರ ದಶಕದ ಕೊನೆಗೆ ವೀಲ್ ಬಂತು. ಅದು ಬೇರೆ ಹೆಸರು, ಬೇರೆ ಲೆಕ್ಕಾಚಾರ, ಕಡಿಮೆ ಖರ್ಚಿನಲ್ಲಿ ತಯಾರಿಸುವ ಬೇರೆ ವ್ಯವಸ್ಥೆ. ಹೊಸ ಬ್ರ್ಯಾಂಡ್ ಎಂದರೆ ಬರೀ ಹೊಸ ಪ್ಯಾಕೆಟ್ ಅಲ್ಲ, ಅದಕ್ಕೊಂದು ಬೇರೆಯೇ ಸಂಸಾರ ಹೂಡಿಕೊಡಬೇಕು ಎಂದು ವೀಲ್ ತೋರಿಸಿತು.

ಸಂಸಾರಗಳು ಹೆಚ್ಚಾದರೆ ಖರ್ಚೂ ಹೆಚ್ಚು. ಹೊಣೆಗಾರರು ಒಬ್ಬರನ್ನೊಬ್ಬರು ಜಗ್ಗತೊಡಗಿದಾಗ, 1987ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಒಂದೇ ಬಗೆಯ ಬ್ರ್ಯಾಂಡುಗಳ ಗುಂಪಿಗೆ ಒಬ್ಬ ಹಿರಿಯನನ್ನು ನೇಮಿಸಿತು. ಯೂನಿಲಿವರ್ 2000ದಲ್ಲಿ ಸುಮಾರು 1600 ಬ್ರ್ಯಾಂಡುಗಳನ್ನು 400ಕ್ಕೆ ಇಳಿಸಲು ಹೊರಟಿತು. ಎಷ್ಟು ಮಕ್ಕಳನ್ನು ಚೆನ್ನಾಗಿ ಸಾಕಬಲ್ಲೆವು ಎಂದು ತಿಳಿಯುವುದೂ ಈ ಕಸುಬಿನದೇ ಭಾಗ.

ಹುದ್ದೆಗಳ ಹೆಸರುಗಳು ಬದಲಾಗುತ್ತ ಬಂದಿವೆ, ಲೆಕ್ಕ ಕಂಪ್ಯೂಟರಿಗೆ ಬಂದಿದೆ. ಆದರೂ ಕಲಿಯಲು ಬಂದ ಹುಡುಗ ಹುಡುಗಿಯರನ್ನು ಈ ಕಂಪನಿಗಳು ಇಂದಿಗೂ ಮೊದಲು ಊರೂರಿಗೆ, ಸಂತೆಬೀದಿಗೆ, ಅಂಗಡಿಯ ಕಟ್ಟೆಗೆ ಕಳಿಸುತ್ತವೆ. ಮುಂದಿನ ಸಲ ನಿಮ್ಮ ಅಂಗಡಿಯಲ್ಲಿ ಯಾರಾದರೂ ಧೂಳು ಹಿಡಿದ ಪ್ಯಾಕೆಟ್ ಕೈಗೆತ್ತಿಕೊಂಡು ‘ಅಣ್ಣಾ, ಇದು ಇಲ್ಲಿ ಯಾಕೆ ಹೋಗ್ತಾ ಇಲ್ಲ?’ ಎಂದು ಕೇಳಿ, ಉತ್ತರ ಮುಗಿಯುವ ತನಕ ಸುಮ್ಮನೆ ನಿಂತದ್ದು ಕಂಡರೆ, ಆ ಮೂರು ಪುಟಗಳು ಇನ್ನೂ ಬದುಕಿವೆ ಎಂದು ತಿಳಿಯಿರಿ.