ಸುಗ್ಗಿಗೆ ಹೊರಟವರ ಗಂಟು

ಶ್ರಾವಣ ಮಾಸದಲ್ಲಿ ಉರುಕುಂದದ ಈರಣ್ಣಸ್ವಾಮಿಯ ದರ್ಶನಕ್ಕೋ, ಆರಾಧನೆಯ ಕಾಲಕ್ಕೆ ಮಂತ್ರಾಲಯಕ್ಕೋ ಹೊರಡುವ ಸಂಸಾರವು ಕಟ್ಟುವ ಗಂಟು ಒಂದು ಬಗೆಯದು. ಎರಡು ದಿನದ ಬುತ್ತಿ, ಒಂದು ಜೊತೆ ಬಟ್ಟೆ, ತೆಂಗಿನಕಾಯಿ, ಮಕ್ಕಳ ಕೈಗೆ ಒಂದಿಷ್ಟು ಮಂಡಕ್ಕಿ; ಇಷ್ಟಾದರೆ ಪ್ರಯಾಣದ ಸಿದ್ಧತೆ ಮುಗಿಯಿತು. ಆದರೆ ನಂದವರಂ, ಕೋಸಿಗಿ, ಕೌತಾಳಂ, ಪೆದ್ದಕಡಬೂರು ಮಂಡಲಗಳ ಹಳ್ಳಿಗಳಲ್ಲಿ ದೀಪಾವಳಿ ಕಳೆದ ಮೇಲೆ ಕಟ್ಟುವ ಗಂಟು ಬೇರೆಯದು. ಅದು ಮೂರು ನಾಲ್ಕು ತಿಂಗಳಿಗೆ ಮನೆಯನ್ನೇ ಎತ್ತಿಕೊಂಡು ಹೋಗುವ ಗಂಟು. ಗುಂಟೂರು, ಪಲ್ನಾಡು, ಪ್ರಕಾಶಂ ಸೀಮೆಗಳಲ್ಲಿ ಹತ್ತಿ ಬಿಡಿಸುವುದಕ್ಕೂ ಮೆಣಸಿನಕಾಯಿ ಬಿಡಿಸುವುದಕ್ಕೂ ಗಂಡ ಹೆಂಡಿರು ಮಕ್ಕಳು ಮರಿಗಳೊಡನೆ ಹೊರಡುತ್ತಾರೆ. ತುಂಗಭದ್ರೆಯ ಆಚೆಯ ರಾಯಚೂರು ಕಡೆಯವರು ಇದನ್ನು ಗುಳೆ ಎನ್ನುತ್ತಾರೆ. ನಮ್ಮ ಕಡೆ ‘ಸುಗ್ಗಿಗೆ ಹೋದರು’ ಎನ್ನುವುದು ವಾಡಿಕೆ. ಸುಗ್ಗಿಯೆಂದರೆ ಬೆಳೆದ ಬೆಳೆ ಮನೆಗೆ ಬರುವ ಕಾಲವೆಂದು ತರಗತಿಯಲ್ಲಿ ಪಾಠ ಹೇಳುತ್ತೇವೆ. ಪರರ ಹೊಲದ ಸುಗ್ಗಿಗಾಗಿ ತಮ್ಮ ಮನೆಗೆ ಬೀಗ ಹಾಕುವುದನ್ನೂ ಅದೇ ಹೆಸರಿನಿಂದ ಕರೆಯುತ್ತಿರುವುದು ಈ ಸೀಮೆಯ ವಿಚಿತ್ರ.

ಹೀಗೇಕೆ ಹೋಗಬೇಕೆಂದು ದೂರದ ಊರಿನ ವಾಚಕರು ಕೇಳಬಹುದು. ನಮ್ಮದು ಮಳೆಯನ್ನು ನಂಬಿದ ನೆಲ. ಹತ್ತಿ, ಶೇಂಗಾ, ಜೋಳ, ನವಣೆಗಳು ಆಕಾಶ ನೋಡಿ ಬೆಳೆಯುವ ಬೆಳೆಗಳು. ತುಂಗಭದ್ರಾ ಕೆಳಮಟ್ಟದ ಕಾಲುವೆ ಈ ಸೀಮೆಯಲ್ಲಿ ಹರಿದುಹೋಗುತ್ತದೆಂಬುದು ನಿಜ. ಆದರೆ ಕಾಲುವೆ ಕಣ್ಣಿಗೆ ಕಂಡ ಮಾತ್ರಕ್ಕೆ ಎಲ್ಲರ ಹೊಲವೂ ನೆನೆಯುವುದಿಲ್ಲ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಅಂದಿನ ಬಳ್ಳಾರಿ ಜಿಲ್ಲೆ ಪಟ್ಟ ಪಾಡು ಇತಿಹಾಸದಲ್ಲಿ ದಾಖಲಾಗಿದೆ. ಆಗ ಆದೋನಿಯೂ ಆ ಜಿಲ್ಲೆಯ ತಾಲ್ಲೂಕೇ. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ರಾಜ್ಯ ಬದಲಾದರೂ ಮಳೆಯ ಲೆಕ್ಕ ಬದಲಾಗಲಿಲ್ಲ. ಮೊದಲ ಹತ್ತಿ ಕೈಗೆ ಬಂದ ಬಳಿಕ ಊರಿನಲ್ಲಿ ಕೂಲಿ ತೀರುತ್ತದೆ. ಗುಂಟೂರು ಕಡೆಯಲ್ಲಿ ಅದೇ ಹೊತ್ತಿಗೆ ಕೆಲಸ ಏರುತ್ತದೆ. ಸಂಕ್ರಾಂತಿ ಕಳೆದ ಮೇಲಂತೂ ಮೆಣಸಿನಕಾಯಿ ಹಣ್ಣಾಗಿ ಹೊಲಗಳು ಕೆಂಪೇರುತ್ತವೆ. ಕೈಗಳು ಎಷ್ಟಿದ್ದರೂ ಸಾಲವು.

ಈ ಲೇಖನದ ಉದ್ದೇಶ ಸರ್ಕಾರವನ್ನು ದೂರುವುದಲ್ಲ. ಹೊರಡುವುದು ನಿಶ್ಚಯವಾದ ಮನೆಯಲ್ಲಿ ಗಂಟು ಕಟ್ಟುವ ತಾಯಿಗೆ ಒಬ್ಬ ಉಪಾಧ್ಯಾಯನು ಹೇಳಬಹುದಾದ ಕೆಲವು ಮಾತುಗಳನ್ನು ಹೇಳುವುದಷ್ಟೇ. ಅವಳಿಗೆ ಗಂಟು ಕಟ್ಟಲು ಯಾರೂ ಕಲಿಸಬೇಕಾಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಎರಡು ಚೀಲ ಜೋಳ, ತವೆ, ಎರಡು ಪಾತ್ರೆ, ಕೊಡ, ಕೌದಿ, ಗುಡಿಸಲಿನ ಮೇಲೆ ಹೊದಿಸಲು ಟಾರ್ಪಾಲು, ಕೂಸಿಗೆ ಜೋಲಿ ಕಟ್ಟಲು ಹಳೆಯ ಸೀರೆ, ಒಣಗಿಸಿದ ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಪುಡಿ, ಗುರೆಳ್ಳು ಪುಡಿ, ಉಪ್ಪು, ಬೆಲ್ಲ. ಯಾವುದು ಕೆಳಗಿರಬೇಕು, ಯಾವುದು ದಾರಿಯಲ್ಲಿ ಕೈಗೆಟುಕಬೇಕು ಎಂಬುದು ಅವಳಿಗೆ ಗೊತ್ತು. ನಗರದ ಸಂಸಾರವೊಂದು ವಾರದ ಪ್ರವಾಸಕ್ಕೆ ಹೊರಡುವಾಗ ಪೆಟ್ಟಿಗೆಯ ಮುಂದೆ ಕುಳಿತು ಪಡುವ ಗೊಂದಲವನ್ನು ಕಂಡಿದ್ದೇನೆ. ನಮ್ಮ ತಾಯಂದಿರು ಆ ಹೊತ್ತಿನಲ್ಲಿ ಮನೆಯನ್ನೇ ಕಟ್ಟಿ ಮುಗಿಸಿರುತ್ತಾರೆ.

ಕೊರತೆ ಕಾಣುವುದು ಮಕ್ಕಳ ಪಾಲಿನಲ್ಲಿ. ಸಂಸಾರಕ್ಕೆ ಬೇಕಾದುದೆಲ್ಲ ಗಂಟಿನಲ್ಲಿರುತ್ತದೆ. ಮಗುವಿನ ಶಾಲೆ ಮಾತ್ರ ಗೂಟದಲ್ಲಿ ತೂಗುಹಾಕಿದ ಚೀಲದಲ್ಲಿಯೇ ಉಳಿಯುತ್ತದೆ.

ಶಾಲೆಗೆ ಹೋಗುವ ಮಗುವನ್ನು ಗಂಟಿನೊಡನೆ ಒಯ್ಯದಿರುವುದೇ ಉತ್ತಮ ಎಂಬುದು ನನ್ನ ನಿಶ್ಚಿತ ಅಭಿಪ್ರಾಯ. ಅಜ್ಜಿ ತಾತಂದಿರು ಗಟ್ಟಿಯಾಗಿದ್ದರೆ ಅವರ ಬಳಿ ಬಿಡಬಹುದು. ವಲಸೆ ಹೋಗುವವರ ಮಕ್ಕಳಿಗಾಗಿ ಸುಗ್ಗಿಯ ತಿಂಗಳುಗಳಲ್ಲಿ ನಡೆಸುವ ಋತುಮಾನದ ವಸತಿ ಕೇಂದ್ರಗಳು ನಮ್ಮ ಜಿಲ್ಲೆಗೆ ಹೊಸದಲ್ಲ. ನಿಮ್ಮ ಊರಿನಲ್ಲಿ ಈ ವರ್ಷ ಅದು ತೆರೆಯುವುದೇ ಎಂದು ಹೊರಡುವ ಹದಿನೈದು ದಿನ ಮುಂಚೆಯೇ ಮುಖ್ಯೋಪಾಧ್ಯಾಯರನ್ನು ಕೇಳಿರಿ. ಟೆಂಪೋ ಬಾಗಿಲಿಗೆ ಬಂದು ನಿಂತಾಗ ಕೇಳಿದರೆ ಯಾರಿಂದಲೂ ಏನೂ ಆಗದು. ಆದರೆ ಹತ್ತು ಹನ್ನೆರಡು ವರ್ಷದ ಹುಡುಗಿಯನ್ನು ಕೂಸಿನ ಕಾವಲಿಗೆಂದು ಕರೆದೊಯ್ಯುವ ಪದ್ಧತಿಯೊಂದಿದೆ. ತಾಯಿ ಸಾಲಿನಲ್ಲಿ ಕಾಯಿ ಬಿಡಿಸುತ್ತಾಳೆ, ಅಕ್ಕ ಬದುವಿನಲ್ಲಿ ತಮ್ಮನನ್ನು ತೂಗುತ್ತಾಳೆ. ಕೂಲಿಯನ್ನು ಕಿಲೋ ಲೆಕ್ಕದಲ್ಲಿ ಕೊಡುವ ಕಡೆ ಆ ಹುಡುಗಿಯ ಕೈಯೂ ಮೆಲ್ಲನೆ ಚೀಲಕ್ಕಿಳಿಯುತ್ತದೆ. 2016ರ ತಿದ್ದುಪಡಿಯ ಪ್ರಕಾರ ಹದಿನಾಲ್ಕು ವರ್ಷ ತುಂಬದ ಮಗುವನ್ನು ಹೀಗೆ ದುಡಿಸುವುದು ಅಪರಾಧ. ಮೇಸ್ತ್ರಿಗಳು ಮುಂಗಡ ಕೊಡುವಾಗ ಈ ಮಾತನ್ನು ಎತ್ತುವುದಿಲ್ಲ.

ಬಿಟ್ಟುಹೋಗಲು ಯಾರೂ ಇಲ್ಲದ ಮನೆಗಳು ಇವೆ. ಅಂಥವರು ಮಗುವಿಗೆಂದು ಒಂದು ಪ್ರತ್ಯೇಕ ಸಣ್ಣ ಗಂಟನ್ನು ಕಟ್ಟತಕ್ಕದ್ದು. ಅದು ದೊಡ್ಡ ಮೂಟೆಯೊಳಗೆ ಸೇರಕೂಡದು. ಮಗುವಿನ ಹೆಗಲಲ್ಲೇ ಇರಬೇಕು. ಶಾಲೆಯ ಚೀಲವೇ ಅದಕ್ಕೆ ತಕ್ಕದ್ದು.

ಆ ಚೀಲದಲ್ಲಿ ಮೊದಲು ಇಡಬೇಕಾದುದು ಈ ವರ್ಷದ ಕನ್ನಡ ಪಠ್ಯಪುಸ್ತಕ ಮತ್ತು ಗಣಿತದ ಪುಸ್ತಕ. ಜೊತೆಗೆ ಇನ್ನೂರು ಪುಟದ ಒಂದು ನೋಟುಪುಸ್ತಕ, ಎರಡು ಪೆನ್ಸಿಲು. ಚಿಕ್ಕವರಿಗೆ ಪಾಟಿ, ಬಳಪ. ಗುಡಿಸಲಿನಲ್ಲಿ ದೀಪದ ಅನುಕೂಲ ಹೇಗಿರುವುದೋ ಹೇಳಲಾಗದು, ಆದುದರಿಂದ ಒಂದು ಟಾರ್ಚು. ನೋಟುಪುಸ್ತಕದ ಮೊದಲ ಪುಟದಲ್ಲಿ ತರಗತಿಯ ಉಪಾಧ್ಯಾಯರಿಂದ ನಾಲ್ಕು ಸಾಲು ಬರೆಸಿಕೊಳ್ಳಿರಿ: ಮಗುವಿನ ಹೆಸರು, ತರಗತಿ, ಯಾವ ಪಾಠದವರೆಗೆ ಆಗಿದೆ, ಲೆಕ್ಕದಲ್ಲಿ ಗುಣಾಕಾರಕ್ಕೆ ಬಂದಿದೆಯೋ ಭಾಗಾಕಾರಕ್ಕೋ. ಕೆಳಗೆ ಶಾಲೆಯ ಮೊಹರು. ಇದನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಯುವುದು ಲೇಸು. ಏಕೆಂದರೆ ಗುಂಟೂರು ಕಡೆಯ ಹಳ್ಳಿಯಲ್ಲಿ ಕನ್ನಡ ಶಾಲೆ ಎಲ್ಲಿಂದ ಬರಬೇಕು? ಅಲ್ಲಿಯ ಉಪಾಧ್ಯಾಯರಿಗೆ ನಮ್ಮ ಮಗು ಓದು ಬಾರದ ಮಗುವಿನಂತೆ ಕಾಣುವ ಸಂಭವ ಹೆಚ್ಚು. ನಾಲ್ಕು ಸಾಲು ತೆಲುಗು ಆ ತಪ್ಪುಕಲ್ಪನೆಯನ್ನು ತಡೆಯುತ್ತದೆ.

ಪಾಲಕರು ಈ ವಿಷಯದಲ್ಲಿ ಹೆದರಬೇಕಾದ ಕಾರಣವಿಲ್ಲ. ಕನ್ನಡ, ತೆಲುಗು ಲಿಪಿಗಳು ಒಂದೇ ಹಳೆಯ ಲಿಪಿಯಿಂದ ಕವಲೊಡೆದವು. ತಲೆಕಟ್ಟಿನ ರೂಪ ಬೇರೆ, ಕೆಲವು ಅಕ್ಷರ ಬೇರೆ. ಕನ್ನಡವನ್ನು ನಿರರ್ಗಳವಾಗಿ ಓದುವ ನಾಲ್ಕನೆಯ ತರಗತಿಯ ಮಗು ಒಂದೆರಡು ವಾರಗಳಲ್ಲಿ ತೆಲುಗು ಫಲಕಗಳನ್ನು ಕೂಡಿಸಿಕೊಂಡು ಓದುವುದನ್ನು ಈ ಗಡಿಯಲ್ಲಿ ಕಂಡವರು ಅನೇಕರು. ಆದರೆ ಎರಡೂ ಅರ್ಧಂಬರ್ಧ ಕಲಿತ ಮಗು ಎರಡನ್ನೂ ಕಳೆದುಕೊಳ್ಳುತ್ತದೆ. ಆದುದರಿಂದಲೇ ಕನ್ನಡ ಪುಸ್ತಕ ಚೀಲದಲ್ಲಿರಲಿ ಎನ್ನುವುದು. ದಿನಕ್ಕೆ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿರಿ. ತಾಯಿ ತಂದೆಗೆ ಅಕ್ಷರ ಬಾರದಿದ್ದರೂ ಚಿಂತೆಯಿಲ್ಲ, ಕೇಳುವ ಕಿವಿಯೊಂದಿದ್ದರೆ ಸಾಕು.

ಅಲ್ಲಿಯ ಶಾಲೆಯಲ್ಲಿ ‘ವರ್ಗಾವಣೆ ಪತ್ರ ತನ್ನಿ’ ಎಂದು ಹಿಂದಕ್ಕೆ ಕಳುಹಿಸುವುದುಂಟು. 2009ರ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ಪತ್ರವನ್ನು ಕೇಳಿದೊಡನೆ ಕೊಡುವುದು ಮುಖ್ಯೋಪಾಧ್ಯಾಯರ ಕರ್ತವ್ಯ. ಅದು ತಡವಾಯಿತೆಂಬ ನೆಪದಿಂದ ಬೇರೆ ಶಾಲೆಯವರು ಪ್ರವೇಶವನ್ನು ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದೂ, ವರ್ಷದ ನಡುವೆ ಬಂದರೆಂದೂ ಮಗುವನ್ನು ಹಿಂದಿರುಗಿಸಕೂಡದು. ಮಗು ಶಾಲೆಯಲ್ಲಿ ಕುಳಿತರೆ ಮಧ್ಯಾಹ್ನದ ಊಟವೂ ದೊರೆಯುತ್ತದೆ, ಮೆಣಸಿನಕಾಯಿ ಹೊಲದ ಬಿಸಿಲೂ ತಪ್ಪುತ್ತದೆ. ಆರು ವರ್ಷದೊಳಗಿನ ಕೂಸುಗಳಿಗೆ ಆ ಊರಿನ ಅಂಗನವಾಡಿಯಲ್ಲಿ ವಿಚಾರಿಸಿರಿ.

ಇನ್ನು ಕಾಗದಪತ್ರಗಳು. ಪಡಿತರ ಚೀಟಿಯನ್ನು ಮನೆಯ ಗೂಡಿನಲ್ಲಿ ಬಿಟ್ಟು ಹೋಗುವವರು ಈಗಲೂ ಇದ್ದಾರೆ. ಒಂದು ರಾಷ್ಟ್ರ ಒಂದು ಪಡಿತರ ಚೀಟಿಯ ಏರ್ಪಾಡು 2022ರ ವೇಳೆಗೆ ದೇಶದ ಎಲ್ಲ ರಾಜ್ಯಗಳಿಗೂ ಬಂದಿದೆ. ದುಡಿಯಲು ಹೋದ ಊರಿನಲ್ಲಿಯೇ ಅಕ್ಕಿ ಪಡೆಯಬಹುದು. ಚೀಟಿ, ಆಧಾರ್, ಬ್ಯಾಂಕಿನ ಪುಸ್ತಕ, ಕೂಸಿನ ಚುಚ್ಚುಮದ್ದಿನ ಕಾರ್ಡು, ಇವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಾಯಿಯ ಬಳಿಯೇ ಇಡತಕ್ಕದ್ದು. ಗಂಟಲಮಾರಿ, ದಡಾರದಂಥ ರೋಗಗಳು ಗುಡಿಸಲಿನಿಂದ ಗುಡಿಸಲಿಗೆ ಹಬ್ಬುವುದು ಸುಲಭ. ದಡಾರದ ಮೊದಲ ಚುಚ್ಚುಮದ್ದು ಒಂಬತ್ತು ತಿಂಗಳು ತುಂಬಿದ ಮೇಲೆ, ಎರಡನೆಯದು ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ನಡುವೆ. ಹೊರಡುವ ಮುನ್ನ ಕಾರ್ಡು ತೆಗೆದು ನೋಡಿ, ಬಾಕಿಯಿದ್ದರೆ ಹಾಕಿಸಿಕೊಂಡೇ ಹೊರಡಿರಿ.

ದಾರಿಯ ಮಾತನ್ನೂ ಹೇಳಬೇಕು. ನಮ್ಮಲ್ಲಿಂದ ಗುಂಟೂರು ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ದೂರ. ಸರಕಿನ ಟೆಂಪೋದಲ್ಲಿ ಮೂಟೆಗಳ ಮೇಲೆ ಮಕ್ಕಳನ್ನು ಕೂರಿಸಿ ನಲ್ಲಮಲ ಘಟ್ಟವನ್ನು ದಾಟುವುದು ಎಂಥ ಅಪಾಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾನೂನಿಗೂ ಅದು ವಿರುದ್ಧ. ಗುಂತಕಲ್ಲಿನಿಂದ ನಂದ್ಯಾಲ, ಗಿದ್ದಲೂರು, ವಿನುಕೊಂಡ, ನರಸರಾವುಪೇಟೆಗಳ ಮೇಲೆ ಗುಂಟೂರಿಗೆ ರೈಲುಮಾರ್ಗವಿದೆ. ಐದು ವರ್ಷದೊಳಗಿನ ಕೂಸಿಗೆ ಟಿಕೇಟಿಲ್ಲ. 2025ರ ಆಗಸ್ಟ್ 15ರಿಂದ ನಮ್ಮ ರಾಜ್ಯದ ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ಜೋಳದ ಚೀಲಗಳು ಬಸ್ಸಿಗೆ ಹತ್ತಲಾರವು ಎಂದು ಗಂಡಸರು ಹೇಳುತ್ತಾರೆ. ಹತ್ತಬೇಕಾಗಿಲ್ಲ. ಚೀಲಗಳೂ ಒಬ್ಬ ಗಂಡಸೂ ಟೆಂಪೋದಲ್ಲಿ ಹೋಗಲಿ, ತಾಯಿಯೂ ಮಕ್ಕಳೂ ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಹೋಗಲಿ. ಘಟ್ಟದ ತಿರುವುಗಳಲ್ಲಿ ಮಕ್ಕಳಿಗೆ ವಾಂತಿಯಾಗುವುದು ಸಹಜ. ಹೊಟ್ಟೆ ಬಿರಿಯ ಉಣ್ಣಿಸದೆ ರೊಟ್ಟಿಯ ತುಣುಕನ್ನೋ ಮಂಡಕ್ಕಿಯನ್ನೋ ಸ್ವಲ್ಪ ಸ್ವಲ್ಪವಾಗಿ ಕೊಡಿರಿ. ಮಗುವಿನ ಅಂಗಿಯ ಒಳಜೇಬಿನಲ್ಲಿ ತಂದೆಯ ಹೆಸರು, ಊರು, ಮಂಡಲ, ಫೋನ್ ಸಂಖ್ಯೆ ಬರೆದ ಚೀಟಿಯನ್ನು ಇಟ್ಟು ಹೊಲಿದುಬಿಡಿ. ಜಾತ್ರೆಗಿಂತ ದೊಡ್ಡ ನಿಲ್ದಾಣಗಳಲ್ಲಿ ಇಳಿಯಬೇಕಾಗುತ್ತದೆ. ಮಗು ತಪ್ಪಿಸಿಕೊಂಡರೆ 1098, ಆಸ್ಪತ್ರೆಗೆ ಸಾಗಿಸಬೇಕಾದರೆ 108.

ಮೆಣಸಿನಕಾಯಿ ಹೊಲದ ಸಂಸಾರಕ್ಕೆ ವಿಶೇಷವಾಗಿ ಬೇಕಾದ ಮೂರು ಪದಾರ್ಥಗಳಿವೆ. ಒಂದು, ಸ್ವಂತದ ಮುಚ್ಚಳದ ನೀರಿನ ಕ್ಯಾನು. ಹೊಲದಲ್ಲಿ ಬಿದ್ದಿರುವ ಕೀಟನಾಶಕದ ಖಾಲಿ ಡಬ್ಬಿಗಳು ನೋಡಲು ಗಟ್ಟಿಮುಟ್ಟಾಗಿರುತ್ತವೆ. ತೊಳೆದು ನೀರು ತುಂಬುವ ಚಪಲ ಯಾರಿಗೂ ಬರುವಂಥದು. ಎಷ್ಟು ತೊಳೆದರೂ ವಿಷ ಪೂರ್ತಿಯಾಗಿ ಹೋಗದು. ಎರಡು, ಅಡಿಗೆ ಎಣ್ಣೆ ಮತ್ತು ಸಾಬೂನು. ಮೆಣಸಿನ ಖಾರ ಬರಿಯ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಸಂಜೆ ಕೈಗೆ ಎಣ್ಣೆ ಸವರಿ ಉಜ್ಜಿ ಆಮೇಲೆ ಸಾಬೂನಿನಿಂದ ತೊಳೆಯಬೇಕು. ಹಾಲೂಡುವ ತಾಯಿ ಕೈ ತೊಳೆದು, ಹೊಲದ ಸೀರೆಯನ್ನು ಬದಲಿಸಿಯೇ ಕೂಸನ್ನು ಎತ್ತಿಕೊಳ್ಳಬೇಕು. ಅದಕ್ಕಾಗಿ ಒಂದು ಸೀರೆಯನ್ನು ಬೇರೆಯಾಗಿ ಕಟ್ಟಿಟ್ಟುಕೊಳ್ಳಿ. ಮೂರು, ಓಆರ್‌ಎಸ್ ಪೊಟ್ಟಣಗಳು, ಕನಿಷ್ಠ ಹತ್ತು. ಒಂದು ದೊಡ್ಡ ಪೊಟ್ಟಣಕ್ಕೆ ಒಂದು ಲೀಟರು ಶುದ್ಧ ನೀರು. ತೀರಿದರೆ ಒಂದು ಲೀಟರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಅದಕ್ಕಿಂತ ಹೆಚ್ಚಾಗಕೂಡದು.

2020ರ ಮಾರ್ಚ್ 25ರಂದು ದೇಶವೆಲ್ಲ ಒಮ್ಮೆಲೇ ನಿಂತುಹೋದಾಗ ಮೆಣಸಿನಕಾಯಿ ಬಿಡಿಸುವ ಕಾಲ ಇನ್ನೂ ಮುಗಿದಿರಲಿಲ್ಲ. ಅಂದು ಯುಗಾದಿಯೇ ಆಗಿತ್ತು. ಹಬ್ಬಕ್ಕೆ ಊರು ಸೇರುವೆವೆಂದು ಅಳತೆ ಮಾಡಿ ಒಯ್ದ ಜೋಳ ಅಂಥ ಕಾಲಕ್ಕೆ ಸಾಲುವುದಾದರೂ ಹೇಗೆ? ಅನುಭವವುಳ್ಳ ಅಜ್ಜಿಯರು ಚೀಲದ ತಳದಲ್ಲಿ ಹದಿನೈದು ದಿನದ ಕಾಳನ್ನು ಬೇರೆ ಗಂಟಾಗಿ ಕಟ್ಟಿ, ‘ಇದು ಲೆಕ್ಕಕ್ಕಿಲ್ಲ’ ಎಂದು ಹೇಳಿ ಕಳುಹಿಸುವುದುಂಟು. ಆ ಪದ್ಧತಿ ಬಿಡತಕ್ಕದ್ದಲ್ಲ.

ಯುಗಾದಿಯ ಹೊತ್ತಿಗೆ ಸಾಮಾನ್ಯವಾಗಿ ಎಲ್ಲರೂ ಹಿಂದಿರುಗುತ್ತಾರೆ. ಬಂದ ಮರುದಿನವೇ ಮಗುವನ್ನು ನೋಟುಪುಸ್ತಕದೊಡನೆ ಶಾಲೆಗೆ ಕಳುಹಿಸಿರಿ. ಹೆಸರು ಹೊಡೆದುಹಾಕಿರಬಹುದೆಂಬ ಸಂಕೋಚದಿಂದ ಜೂನ್ ತನಕ ಮನೆಯಲ್ಲಿಯೇ ಇರಿಸಿಕೊಳ್ಳುವುದು ಬೇಡ. ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಿ, ಹಿಂದುಳಿದ ಪಾಠವನ್ನು ಪ್ರತ್ಯೇಕವಾಗಿ ಹೇಳಿಕೊಡಬೇಕೆಂದು ಅದೇ ಕಾಯಿದೆ ವಿಧಿಸಿದೆ. ನೋಟುಪುಸ್ತಕದಲ್ಲಿ ಇಪ್ಪತ್ತು ಪುಟ ತುಂಬಿದ್ದರೂ ಎಲ್ಲಿಂದ ಪ್ರಾರಂಭಿಸಬೇಕೆಂಬುದು ನಮಗೆ ತಿಳಿಯುತ್ತದೆ.