ಆಸ್ಟ್ರಿಯಾ ದೇಶದ ಹಳ್ಳಿಯ ಮೇಷ್ಟರು

ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ, ಹಳ್ಳಿಯ ಮೇಷ್ಟರೆಂದೊಡನೆ ಗೋಲ್ಡ್‌ಸ್ಮಿತ್ ಕವಿಯು 1770ರಲ್ಲಿ ಪ್ರಕಟಿಸಿದ ಕಾವ್ಯದ ಉಪಾಧ್ಯಾಯನು ಕಣ್ಣಮುಂದೆ ನಿಲ್ಲುತ್ತಾನೆ. ಆತನ ಗದರಿಕೆಯೂ ಪಾಂಡಿತ್ಯವೂ ಊರಿನವರ ಬೆರಗೂ ನಮಗೆಲ್ಲ ಚಿರಪರಿಚಿತವಾದವು. ಆದರೆ ಅದೇ ಕಾಲದಲ್ಲಿ ಯೂರೋಪಿನ ನಡುಭಾಗದಲ್ಲಿ, ಆಸ್ಟ್ರಿಯಾ ದೇಶದ ಬೆಟ್ಟದ ಸೀಮೆಯಲ್ಲಿ, ಇನ್ನೊಂದು ಬಗೆಯ ಮೇಷ್ಟರಿದ್ದರು. ಅವರನ್ನು ಕುರಿತು ನಮ್ಮಲ್ಲಿ ಮಾತನಾಡುವವರು ಕಡಮೆ. ಅವರು ಶಾಲೆಯ ಉಪಾಧ್ಯಾಯರು ಹೇಗೋ ಹಾಗೆಯೇ ಚರ್ಚಿನ ಪರಿಚಾರಕರು. ಬೆಳಗ್ಗೆ ಗಂಟೆ ಬಾರಿಸಿದ ಕೈಯೇ ಆಮೇಲೆ ಬಳಪ ಹಿಡಿಯುತ್ತಿತ್ತು. ಬಳಪ ಹಿಡಿದ ಕೈಯೇ ಭಾನುವಾರ ಆರ್ಗನ್ ವಾದ್ಯವನ್ನು ನುಡಿಸುತ್ತಿತ್ತು. ಈ ಮೂರು ಕೆಲಸಗಳೂ ಒಬ್ಬನ ತಲೆಯ ಮೇಲೆಯೇ ಬಂದುದರಿಂದ ಅವನಿಗೆ ಏನು ಕಷ್ಟವಾಯಿತು, ಏನು ಸುಖ ದೊರೆಯಿತು ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಮೊದಲು ವ್ಯವಸ್ಥೆಯನ್ನು ತಿಳಿದುಕೊಳ್ಳಬೇಕು. ಮರಿಯಾ ಥೆರೇಸಾ ರಾಣಿಯು 1774ರಲ್ಲಿ ಹೊರಡಿಸಿದ ಶಾಲಾ ಶಾಸನವು, ಆರನೆಯ ವಯಸ್ಸಿನಿಂದ ಹನ್ನೆರಡರವರೆಗೆ ಮಕ್ಕಳೆಲ್ಲ ಓದು ಬರಹ ಲೆಕ್ಕಗಳನ್ನು ಕಲಿಯಬೇಕೆಂದು ವಿಧಿಸಿತು. ಶಾಸನವೇನೋ ರಾಜಧಾನಿಯಿಂದ ಹೊರಟಿತು. ಆದರೆ ಹಳ್ಳಿಗಳಲ್ಲಿ ಮೇಷ್ಟರಿಗೆ ತುಂಬ ಸಂಬಳ ಕೊಡುವ ಶಕ್ತಿ ಯಾರಿಗೂ ಇರಲಿಲ್ಲ. ಚರ್ಚಿನಲ್ಲಿ ಪರಿಚಾರಕನೂ ಆರ್ಗನ್ ನುಡಿಸುವವನೂ ಹೇಗೂ ಬೇಕಾಗಿದ್ದರಲ್ಲ! ಆದುದರಿಂದ ಅನೇಕ ಊರುಗಳಲ್ಲಿ ಎಲ್ಲವನ್ನೂ ಸೇರಿಸಿ ಒಂದೇ ಜೀವನವನ್ನು ಕಟ್ಟಿದರು. ಮಕ್ಕಳು ತರುತ್ತಿದ್ದ ಪುಡಿಕಾಸಿನ ಫೀಜು, ಮದುವೆ ಮತ್ತು ಶವಸಂಸ್ಕಾರಗಳಲ್ಲಿ ಸಲ್ಲುವ ಕಾಣಿಕೆ, ಗಂಟೆ ಬಾರಿಸಿದ್ದಕ್ಕಾಗಿ ಸುಗ್ಗಿಯಲ್ಲಿ ರೈತರು ಕೊಡುವ ಪೈರಿನ ಸಿವುಡುಗಳು, ಇರಲು ಶಾಲೆಯ ಮನೆ, ಕಾಯಿಪಲ್ಯ ಬೆಳೆದುಕೊಳ್ಳಲು ಅಷ್ಟು ನೆಲ, ಇವೆಲ್ಲ ಕೂಡಿ ಅವನ ವರಮಾನ. ನಮ್ಮ ಹಿಂದಿನ ಕೂಲಿಮಠದ ಅಯ್ಯನವರ ಕಥೆಯನ್ನು ಹಿರಿಯರಿಂದ ಕೇಳಿದವರಿಗೆ ಈ ಲೆಕ್ಕವು ಹೊಸದಾಗಿ ಕಾಣಲಾರದು. ಆದರೆ ಅಯ್ಯನವರನ್ನು ನಸುಕಿನಲ್ಲಿ ಎಬ್ಬಿಸಿ ಗಂಟೆ ಬಾರಿಸಹೇಳಿದವರಿಲ್ಲ.

ಆ ಗಂಟೆಯ ವಿಷಯವನ್ನು ಸ್ವಲ್ಪ ಹೇಳಬೇಕು. ಊರಿಗೆ ಗಡಿಯಾರವೆಂದರೆ ಅದೇ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಸಲವೂ ಪ್ರಾರ್ಥನೆಯ ಗಂಟೆಯಾಗಬೇಕು. ಬೇಸಗೆಯಲ್ಲಿ ಬೆಳಗಿನ ಗಂಟೆಯೆಂದರೆ ನಾಲ್ಕು ಗಂಟೆಯ ಹೊತ್ತು. ಯಾರಾದರೂ ತೀರಿಕೊಂಡರೆ ಅದಕ್ಕೊಂದು ಗಂಟೆ. ಗುಡುಗು ಸಿಡಿಲು ಬಂದರೆ ಮೋಡವನ್ನು ಚೆದರಿಸಲು ಇನ್ನೊಂದು! ನಾದಕ್ಕೆ ಆಲಿಕಲ್ಲು ಹೆದರುತ್ತದೆಂದು ಜನ ನಂಬಿದ್ದರು. ಸಿಡಿಲು ಎತ್ತರದ ಗೋಪುರವನ್ನೇ ಹುಡುಕಿಕೊಂಡು ಬರುವುದೆಂಬುದನ್ನೂ, ಒದ್ದೆಯಾದ ಹಗ್ಗವನ್ನು ಹಿಡಿದು ಕೆಳಗೆ ನಿಂತವನಿಗೆ ಅದರಿಂದ ಪ್ರಾಣಾಪಾಯವೆಂಬುದನ್ನೂ ತಿಳಿದಿದ್ದ ಎರಡನೆಯ ಜೋಸೆಫ್ ಚಕ್ರವರ್ತಿಯು 1783ರಲ್ಲಿ ಈ ಪದ್ಧತಿಯನ್ನು ನಿಷೇಧಿಸಿದನು. ರೈತರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಬೆಳೆ ಹಾಳಾದರೆ ಯಾರು ಹೊಣೆ? ಚಕ್ರವರ್ತಿ ದೂರದಲ್ಲಿದ್ದನು, ಮೇಷ್ಟರು ಹತ್ತಿರದಲ್ಲಿದ್ದನು. ಬೈಗುಳವು ಯಾರಿಗೆ ಬಿದ್ದಿತೆಂಬುದನ್ನು ಶ್ರೋತೃಗಳು ಊಹಿಸಿಕೊಳ್ಳಬಹುದು.

ಗಂಟೆಯಾದ ಬಳಿಕ ಚರ್ಚಿನ ಬಾಗಿಲು ತೆರೆದು, ದೀಪಗಳನ್ನು ಹೊತ್ತಿಸಿ, ಪಾದ್ರಿಯ ಪೂಜಾವಸ್ತ್ರಗಳನ್ನು ತೆಗೆದಿಟ್ಟು, ಪೂಜೆಯ ಕಾಲಕ್ಕೆ ಜೊತೆಯಲ್ಲಿರಬೇಕು. ಆಮೇಲೆ ಶಾಲೆ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ. ಸುಗ್ಗಿಯ ಕಾಲದಲ್ಲಿ ಅರ್ಧ ಮಕ್ಕಳು ಹೊಲದಲ್ಲಿ. ಪಾಠಕ್ರಮದ ವಿವರಕ್ಕೆ ಹೋಗುವುದು ಬೇಡ. ಎಲ್ಲ ಕಾಲದ ಹಳ್ಳಿಯ ಶಾಲೆಗಳಂತೆಯೇ ಅದೂ ಇತ್ತು. ವಿಶೇಷವಾದುದು ಸಂಗೀತ. ಭಾನುವಾರದ ಪೂಜೆಗೆ ಹಾಡುವ ಮೇಳ ಬೇಕಷ್ಟೆ. ಆ ಮೇಳಕ್ಕೆ ಕಂಠಗಳು ಶಾಲೆಯಿಂದಲೇ ಬರಬೇಕು. ಆದ್ದರಿಂದ ಲೆಕ್ಕವನ್ನು ಕಲಿಸಿದವನೇ ಸ್ವರವನ್ನೂ ಕಲಿಸಿದನು. ಒಳ್ಳೆಯ ಕಂಠದ ಹುಡುಗನೊಬ್ಬನು ಸಿಕ್ಕಿದರೆ ಮೇಷ್ಟರಿಗೆ ಆ ವರ್ಷವೆಲ್ಲ ಹಬ್ಬ. ಜೋಸೆಫ್ ಹೈಡನ್ ಆರು ವರ್ಷದ ಬಾಲಕನಾಗಿದ್ದಾಗ ಅವನನ್ನು ಹೈನ್‌ಬರ್ಗ್ ಪಟ್ಟಣಕ್ಕೆ ಕರೆದೊಯ್ದು ಹಾಡುವುದನ್ನೂ ವಾದ್ಯಗಳನ್ನೂ ಕಲಿಸಿದವನು ಇಂಥ ಒಬ್ಬ ಉಪಾಧ್ಯಾಯನೇ, ಅವನ ಬಂಧು. ಅಲ್ಲಿ ಊಟಕ್ಕಿಂತ ಪೆಟ್ಟೇ ಹೆಚ್ಚಾಗಿ ದೊರೆಯಿತೆಂದು ಹೈಡನ್ ಮುಪ್ಪಿನಲ್ಲಿ ನೆನೆದನು. ಅದೇ ಉಸಿರಿನಲ್ಲಿ ಆ ಗುರುವಿಗೆ ತಾನು ಋಣಿಯೆಂದೂ ಹೇಳಿದನು.

ಈ ಮೇಷ್ಟರುಗಳ ಪೈಕಿ ಲೋಕವೆಲ್ಲ ಅರಿಯದೆಯೇ ಅರಿತಿರುವವನು ಫ್ರಾನ್ಸ್ ಕ್ಸಾವರ್ ಗ್ರೂಬರ್. 1787ರಲ್ಲಿ ಬಡ ನೇಕಾರರ ಮನೆಯಲ್ಲಿ ಹುಟ್ಟಿದವನು. ಮಗನು ಮಗ್ಗದಲ್ಲಿ ಕೂರಲೆಂದು ತಂದೆಯ ಇಚ್ಛೆ. ಹುಡುಗನ ಮನಸ್ಸು ಸಂಗೀತದಲ್ಲಿ. ಅವನು ಊರ ಮೇಷ್ಟರಲ್ಲಿ ಗುಟ್ಟಾಗಿ ಕಲಿಯುತ್ತ, ಮನೆಯ ಗೋಡೆಯ ಸಂದುಗಳಲ್ಲಿ ಮರದ ತುಂಡುಗಳನ್ನು ಸಿಕ್ಕಿಸಿ ಅವನ್ನೇ ಆರ್ಗನ್ನಿನ ಮನೆಗಳೆಂದು ಒತ್ತಿ ಅಭ್ಯಾಸಮಾಡುತ್ತಿದ್ದನೆಂದು ಕಥೆ ಹೇಳುವರು. ಒಂದು ಸಲ ಮೇಷ್ಟರು ಕಾಯಿಲೆ ಬಿದ್ದಾಗ ಈ ಹುಡುಗನೇ ಚರ್ಚಿನಲ್ಲಿ ನುಡಿಸಿದನಂತೆ. ಅಲ್ಲಿಂದ ತಂದೆಯ ಮನಸ್ಸು ಕರಗಿತು.

1807ರಲ್ಲಿ ಅವನಿಗೆ ಆರ್ನ್ಸ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಕೆಲಸವಾಯಿತು. ಅದೇ ವರ್ಷ ಅವನು ಮದುವೆಯಾದನು. ಹುಡುಗಿ ಯಾರು? ಹುಡುಗಿಯಲ್ಲ, ಅವನಿಗಿಂತ ಹದಿಮೂರು ವರ್ಷ ಹಿರಿಯಳಾದ, ಹಿಂದಿನ ಮೇಷ್ಟರ ವಿಧವೆ! ನಮಗಿದು ವಿಚಿತ್ರವಾಗಿ ತೋರಬಹುದು. ಆದರೆ ಶಾಲೆಯ ಮನೆಯು ಹುದ್ದೆಗೆ ಸೇರಿದ್ದು, ಮನುಷ್ಯನಿಗಲ್ಲ. ಮೇಷ್ಟರು ಸತ್ತರೆ ಹೆಂಡತಿ ಮಕ್ಕಳು ಬೀದಿಗೆ ಬೀಳಬೇಕು; ಹೊಸದಾಗಿ ಬಂದವನು ಅವಳ ಕೈಹಿಡಿದರೆ ಒಂದು ಸಂಸಾರ ಉಳಿಯಿತು, ಊರಿನ ಧರ್ಮಖರ್ಚೂ ಉಳಿಯಿತು. ಈ ಏರ್ಪಾಟಿನಲ್ಲಿ ದಯೆಯೆಷ್ಟು, ಜಿಪುಣತನವೆಷ್ಟು ಎಂಬುದನ್ನು ಬೇರ್ಪಡಿಸುವುದು ಕಷ್ಟ. ಅವಳು 1825ರಲ್ಲಿ ತೀರಿಕೊಳ್ಳುವವರೆಗೂ ಇಬ್ಬರೂ ಅದೇ ಮನೆಯಲ್ಲಿ ಬಾಳಿದರು.

ಆರ್ನ್ಸ್‌ಡಾರ್ಫಿನಲ್ಲಿ ಅವನು ಮೇಷ್ಟರು, ಪರಿಚಾರಕ, ವಾದ್ಯಗಾರ. ಇಷ್ಟೂ ಸಾಲದೆ 1816ರಿಂದ ಅರ್ಧ ಮುಕ್ಕಾಲು ಗಂಟೆಯ ನಡಿಗೆಯಷ್ಟು ದೂರದ ಓಬರ್ನ್‌ಡಾರ್ಫ್ ಊರಿನ ಚರ್ಚಿನಲ್ಲಿಯೂ ಆರ್ಗನ್ ನುಡಿಸಹೋಗುತ್ತಿದ್ದನು. ವರಮಾನಕ್ಕೆಂದು ಹೊರಟ ನಡಿಗೆಯಾದರೂ ಅದರಿಂದ ಇನ್ನೊಂದು ಲಾಭವಾಯಿತು. ಆ ಚರ್ಚಿಗೆ ಯೋಸೆಫ್ ಮೋರ್ ಎಂಬ ಕಿರಿಯ ಪಾದ್ರಿ ಬಂದನು. ಅವನು ಗಿಟಾರ್ ಬಾರಿಸುವವನು, ಹಾಡುವವನು, ಹಣವಿಲ್ಲದವನು. ಮೇಷ್ಟರಿಗೂ ಪಾದ್ರಿಗೂ ಇದ್ದ ಸಂಬಂಧ ಸಾಮಾನ್ಯವಾಗಿ ಆಳಿಗೂ ಅರಸನಿಗೂ ಇರುವಂಥದು. ಶಾಲೆಯ ಮೇಲ್ವಿಚಾರಣೆಯೂ ಪಾದ್ರಿಯದೇ. ಇಲ್ಲಿ ಮಾತ್ರ ಅದು ಸ್ನೇಹವಾಯಿತು. 1818ರ ಡಿಸೆಂಬರ್ 24ನೆಯ ತಾರೀಖು ಮೋರ್ ತನ್ನದೊಂದು ಪದ್ಯವನ್ನು ತಂದು, ಎರಡು ಕಂಠಗಳಿಗೂ ಮೇಳಕ್ಕೂ ಗಿಟಾರಿಗೂ ಹೊಂದುವಂತೆ ಇದಕ್ಕೊಂದು ರಾಗ ಕೂಡಿಸೆಂದು ಕೇಳಿದನು. ಗ್ರೂಬರ್ ಅದೇ ಸಂಜೆ ಕೂಡಿಸಿ ಕೊಟ್ಟನು. ರಾತ್ರಿಯ ಪೂಜೆಯಲ್ಲಿ ಮೋರ್ ಮೇಲಿನ ಸ್ವರವನ್ನೂ ಗ್ರೂಬರ್ ಮಂದ್ರಸ್ವರವನ್ನೂ ಹಾಡಿದರು. ಇಂದು ಬೆಂಗಳೂರು ಮೈಸೂರುಗಳ ಚರ್ಚುಗಳಲ್ಲಿಯೂ ಕ್ರಿಸ್‌ಮಸ್ ಕಾಲದಲ್ಲಿ ಕೇಳಿಬರುವ, ‘ಪ್ರಶಾಂತ ರಾತ್ರಿ’ ಎಂಬ ಅರ್ಥದ ಮಾತಿನಿಂದ ಮೊದಲಾಗುವ ಹಾಡು ಅದೇ.

ಇಲಿಗಳು ಆರ್ಗನ್ನಿನ ತಿದಿಯನ್ನು ಕಡಿದುಹಾಕಿದ್ದರಿಂದ ಗಿಟಾರ್ ಬೇಕಾಯಿತೆಂಬ ಕಥೆ ಬಹಳ ಪ್ರಸಿದ್ಧವಾಗಿದೆ. ಕಥೆಯೇನೋ ಸೊಗಸು, ಆದರೆ ಗ್ರೂಬರನೇ 1854ರಲ್ಲಿ ಬರೆದಿಟ್ಟ ವಿವರಣೆಯಲ್ಲಿ ಇಲಿಯೂ ಇಲ್ಲ, ಕೆಟ್ಟುಹೋದ ಆರ್ಗನ್ನೂ ಇಲ್ಲ. ಆ ವಿವರಣೆಯನ್ನು ಬರೆಯಬೇಕಾಗಿ ಬಂದುದೇ ಒಂದು ಸ್ವಾರಸ್ಯ. ಹಾಡು ಹಬ್ಬಿ ಎಷ್ಟೋ ದೇಶಗಳನ್ನು ಸುತ್ತಿದ್ದಿತು. ಕರ್ತೃವಿನ ಹೆಸರು ಮಾತ್ರ ಹಿಂದೆಯೇ ಉಳಿದಿತ್ತು. ಜನಪದದ ಹಾಡೆಂದು ಕೆಲವರು, ಮೈಕೆಲ್ ಹೈಡನ್ನನ ಕೃತಿಯೆಂದು ಕೆಲವರು ಭಾವಿಸಿದ್ದರು. ಬರ್ಲಿನ್ ನಗರದ ಆಸ್ಥಾನ ಸಂಗೀತ ಮೇಳದವರು ವಿಚಾರಿಸಿದಾಗಲೇ ಮುದುಕ ಗ್ರೂಬರ್ ಲೇಖನಿ ಹಿಡಿದು, ನಡೆದುದನ್ನು ನಾಲ್ಕು ಮಾತಿನಲ್ಲಿ ಆಡಂಬರವಿಲ್ಲದೆ ತಿಳಿಸಿದನು. ಮೋರನ ಕೈಬರಹದ ಪ್ರತಿಯೊಂದು 1995ರಲ್ಲಿ ಸಿಕ್ಕಿದ ಮೇಲೆ, ಪದ್ಯವು 1816ರಲ್ಲಿಯೇ ರಚಿತವಾಗಿತ್ತೆಂಬುದೂ ರಾಗವು ಗ್ರೂಬರನದೇ ಎಂಬುದೂ ಸ್ಥಿರಪಟ್ಟವು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಆ ಬಾಳು ಹೂವಿನ ಹಾಸಿಗೆಯಾಗಿತ್ತೆಂದು ಕೇಳುವವರಿಗೆ ತೋರಬಹುದು. ಬಡವರ ಬಡತನವನ್ನು ದೂರದಿಂದ ನೋಡಿ ಸವಿಯುವ ಚಪಲ ನಮ್ಮಂಥ ಪಟ್ಟಣದವರಿಗೆ ಉಂಟು. ಅದಕ್ಕೆ ಮದ್ದಾಗಿ ಇನ್ನೊಬ್ಬನ ಕಥೆಯನ್ನು ಕೇಳಬೇಕು.

ಆಂಟನ್ ಬ್ರುಕ್ನರ್ 1824ರಲ್ಲಿ ಆನ್ಸ್‌ಫೆಲ್ಡನ್ ಎಂಬ ಹಳ್ಳಿಯ ಶಾಲೆಯ ಮನೆಯಲ್ಲಿಯೇ ಹುಟ್ಟಿದನು. ತಂದೆ ಮೇಷ್ಟರು, ಅಜ್ಜನೂ ಮೇಷ್ಟರು. 1837ರಲ್ಲಿ ತಂದೆ ಸತ್ತನು. ಮನೆ ಹುದ್ದೆಗೆ ಸೇರಿದುದೆಂದೆವಷ್ಟೆ. ತಾಯಿ ಅದನ್ನು ಬಿಟ್ಟು ಹೊರಡಬೇಕಾಯಿತು. ಹನ್ನೆರಡು ವರ್ಷದ ಹುಡುಗನನ್ನು ಸೇಂಟ್ ಫ್ಲೋರಿಯನ್ ಮಠದಲ್ಲಿ ಹಾಡುವ ಬಾಲಕನನ್ನಾಗಿ ಸೇರಿಸಿದರು. ಅಲ್ಲಿ ಓದಿ, ಲಿಂಟ್ಸ್ ನಗರದಲ್ಲಿ ಉಪಾಧ್ಯಾಯ ತರಬೇತಿ ಪಡೆದು, 1841ರಲ್ಲಿ ವಿಂಡ್‌ಹಾಗ್ ಎಂಬ ಕೊನೆಯಂಚಿನ ಹಳ್ಳಿಗೆ ಸಹಾಯಕ ಮೇಷ್ಟರಾಗಿ ಹೋದನು. ವರ್ಷಕ್ಕೆ 12 ಗುಲ್ಡನ್ ಸಂಬಳ, ಊಟ. ನಸುಕಿನಲ್ಲಿ ಗಂಟೆ, ಚರ್ಚಿನ ಊಳಿಗ, ಪಾಠ, ಅದಾದಮೇಲೆ ಹಿರಿಯ ಮೇಷ್ಟರ ಹೊಲದ ಕೆಲಸ. ಗೊಬ್ಬರ ಹೊರುವುದೂ ಅದರಲ್ಲಿ ಸೇರಿತ್ತೆಂದು ಚರಿತ್ರಕಾರರು ಬರೆಯುತ್ತಾರೆ. ಕಾಸಿಗಾಗಿ ರಾತ್ರಿಯ ಹೊತ್ತು ರೈತರ ಕುಣಿತಗಳಲ್ಲಿ ಪಿಟೀಲು ಬಾರಿಸುತ್ತಿದ್ದನು. ನಡೆಯುವಾಗ ನಿಂತು ನಿಂತು ಏನೋ ಬರೆದುಕೊಳ್ಳುವ ಈ ಹುಡುಗನನ್ನು ಊರಿನವರು ಅರೆಹುಚ್ಚನೆಂದುಕೊಂಡರು.

ಅವನು ಬರೆದುಕೊಂಡುದರಲ್ಲಿ ಒಂದು ಇಂದಿಗೂ ಉಳಿದಿದೆ. ಆ ಹಳ್ಳಿಯ ಚರ್ಚಿಗಾಗಿ 1842ರಲ್ಲಿ ರಚಿಸಿದ ಪೂಜಾಸಂಗೀತ ಅದು. ಅದಕ್ಕೆ ಬೇಕಾದ ಸಾಮಗ್ರಿಯನ್ನು ನೋಡಿದರೆ ಊರಿನ ಸ್ಥಿತಿಯೇ ತಿಳಿಯುತ್ತದೆ: ಹಾಡುವ ಒಂದು ಸ್ತ್ರೀಕಂಠ, ಎರಡು ಕೊಂಬುಗಳು, ಒಂದು ಆರ್ಗನ್. ವಿಂಡ್‌ಹಾಗಿನಲ್ಲಿ ಒದಗಿದುದು ಅಷ್ಟೆ. ಹದಿನೆಂಟು ವರ್ಷದ ಸಹಾಯಕ ಮೇಷ್ಟರು ಇಲ್ಲದುದಕ್ಕೆ ಹಲುಬದೆ ಇದ್ದ ಮೂರನ್ನೇ ಲೆಕ್ಕಹಾಕಿ ಕೂಡಿಸಿದನು. ಹೊಲದ ದಣಿವಿನ ನಡುವೆ ಅವನಿಗೆ ಇದರಿಂದಾದ ಸಂತೋಷವನ್ನು ನಾವು ಬಡತನದ ಕೊಡುಗೆಯೆಂದು ಹೇಳಲೊಪ್ಪೆವು. ಅದು ಬಡತನದ ಕೈಯಿಂದ ಅವನು ಕಸಿದುಕೊಂಡದ್ದು.

1843ರಲ್ಲಿ ಕ್ರಾನ್ಸ್‌ಟಾರ್ಫಿಗೆ ವರ್ಗವಾಯಿತು. ಸಣ್ಣ ಊರು, ಸಂಬಳವೂ ಸಣ್ಣದೇ. ಆದರೆ ಅಲ್ಲಿನ ಜನ ಒಳ್ಳೆಯವರು. ರೈತನೊಬ್ಬನು ತನ್ನ ಮನೆಯ ತಂತಿಯ ವಾದ್ಯವನ್ನು ಅವನಿಗೆ ಎರವಲು ಕೊಟ್ಟನು. ಬಿಡುವಿನಲ್ಲಿ ಎನ್ಸ್ ಪಟ್ಟಣಕ್ಕೆ ಕಾಲುನಡೆಯಿಂದ ಹೋಗಿ ಸಂಗೀತಶಾಸ್ತ್ರವನ್ನು ಕಲಿತು, ಸ್ಟೈರ್ ಪಟ್ಟಣಕ್ಕೆ ಹೋಗಿ ಅಲ್ಲಿಯ ದೊಡ್ಡ ಆರ್ಗನ್ನನ್ನು ನುಡಿಸಿ ಬರುತ್ತಿದ್ದನು. 1845ರಿಂದ ಹತ್ತು ವರ್ಷ ಸೇಂಟ್ ಫ್ಲೋರಿಯನ್ನಿನಲ್ಲಿ, ಆಮೇಲೆ ಲಿಂಟ್ಸಿನಲ್ಲಿ, 1868ರಿಂದ ವಿಯೆನ್ನಾದಲ್ಲಿ ಅವನ ಬಾಳು ಬೆಳೆದ ಬಗೆಯನ್ನು ಪಾಶ್ಚಾತ್ಯ ಸಂಗೀತವನ್ನು ಬಲ್ಲವರು ಅರಿತೇ ಇರುವರು. ಅವನ ಮಹಾಕೃತಿಗಳ ನಡುವೆ ಹಳ್ಳಿಯ ಕುಣಿತದ ಗತಿಯೊಂದು ತಟ್ಟನೆ ಹೆಜ್ಜೆಹಾಕಿಕೊಂಡು ಬರುವುದುಂಟು. ಅದು ಪಿಟೀಲಿನ ಆ ರಾತ್ರಿಗಳ ನೆನಪೆಂದು ತಿಳಿದವರು ಹೇಳುತ್ತಾರೆ. 1891ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯವು ಅವನಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಆಗ ಅಲ್ಲಿಯ ಮುಖ್ಯಾಧಿಕಾರಿಯು, ವಿಂಡ್‌ಹಾಗಿನ ಹಳೆಯ ಸಹಾಯಕ ಮೇಷ್ಟರಿಗೆ ತಾನು ತಲೆಬಾಗುವೆನೆಂದು ಹೇಳಿದನು. ಅಷ್ಟು ಹೊತ್ತಿಗೆ ಆ ಹುದ್ದೆಯ ರೂಪವೇ ಬದಲಾಗಿದ್ದಿತು.

ಬದಲಾದುದು 1869ರ ಮೇ ತಿಂಗಳಿನಲ್ಲಿ ಜಾರಿಗೆ ಬಂದ ಪ್ರಾಥಮಿಕ ಶಾಲಾ ಶಾಸನದಿಂದ. ಶಾಲೆಯ ಆಡಳಿತವು ಚರ್ಚಿನ ಕೈಯಿಂದ ಸರ್ಕಾರದ ಕೈಗೆ ಬಂದಿತು. ಕಡ್ಡಾಯ ವಿದ್ಯಾಭ್ಯಾಸವು ಎಂಟು ವರ್ಷಕ್ಕೆ ಏರಿತು. ಮೇಷ್ಟರಿಗೆ ಗೊತ್ತಾದ ಸಂಬಳ ದೊರೆಯಿತು. ಪರಿಚಾರಕನ ಊಳಿಗವು ಅವನ ಹೆಗಲಿನಿಂದ ಇಳಿಯಿತು. ಹಳೆಯ ಕಾಲವೇ ಸೊಗಸಾಗಿತ್ತೆಂದು ನಿಟ್ಟುಸಿರಿಟ್ಟವರು ಆಗಲೂ ಇದ್ದರು. ಗಂಟೆಯ ಹಗ್ಗವನ್ನೆಳೆದು ನಾಲ್ಕು ಗಂಟೆಗೆ ಏಳಬೇಕಾಗಿದ್ದವರಲ್ಲಿ ಅಂಥವರು ಎಷ್ಟು ಮಂದಿಯೋ! ಶಾಸನವು ಬಂದುದು ಒಳ್ಳೆಯದಾಯಿತೆಂದೇ ನಮ್ಮ ಅಭಿಪ್ರಾಯ. ಇಷ್ಟಾದರೂ ಆರ್ಗನ್ನಿನ ವಿಷಯದಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ನುಡಿಸಬೇಕೆಂಬ ಕಟ್ಟಳೆ ಹೋದ ಮೇಲೆಯೂ ಎಷ್ಟೋ ಹಳ್ಳಿಗಳಲ್ಲಿ ಮೇಷ್ಟರೇ, ಬೇರೆ ಸಂಭಾವನೆಗಾಗಿಯೋ ಬರಿಯ ಪ್ರೀತಿಯಿಂದಲೋ, ಭಾನುವಾರ ಬೆಳಗ್ಗೆ ಆ ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿ, ತಮ್ಮ ಶಾಲೆಯ ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು ನುಡಿಸುತ್ತಿದ್ದರು. ಗಂಟೆ ಬಾರಿಸಲು ಮಾತ್ರ ಬೇರೆ ಆಳನ್ನು ನೋಡಿಕೊಂಡರು.