ಗಣಕರಂಗದ ಸಂಜಯರು

ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಒಂದು ಮನೆ, ಭಾನುವಾರದ ಸಂಜೆ. ದೇವರಿಗೆ ದೀಪ ಹಚ್ಚಿ ಬಂದ ತಾಯಿ ಹಜಾರದ ಟೆಲಿವಿಷನ್ನಿನ ಮುಂದೆ ಕುಳಿತಿದ್ದಾರೆ. ಪಕ್ಕದ ಕೋಣೆಯಲ್ಲಿ ಮಗ ಕಿವಿಗೆ ಹೆಡ್‌ಫೋನ್ ತೊಟ್ಟು, ಕಂಪ್ಯೂಟರಿನ ಮುಂದೆ ಪಂದ್ಯವಾಡುತ್ತಿದ್ದಾನೆ. ಅವನಾಡುವ ಪಂದ್ಯವೇ ಹಜಾರದ ಪರದೆಯ ಮೇಲೂ ಪ್ರಸಾರವಾಗುತ್ತಿದೆ. ಮಗನ ಹೆಸರು ಪರದೆಯ ಮೇಲೆ ಮೂಡಿದಾಗ ತಾಯಿಯ ಮುಖ ಅರಳುತ್ತದೆ. ಕೈ ತಾನಾಗಿ ರಿಮೋಟಿನತ್ತ ಹೋಗಿ ಸದ್ದನ್ನು ಏರಿಸುತ್ತದೆ. ಆ ಕ್ಷಣವೇ ಕೋಣೆಯಿಂದ ಕೂಗು: “ಅಮ್ಮಾ, ಸದ್ದು ಕಡಿಮೆ ಮಾಡು! ಬಾಗಿಲು ಮುಂದಕ್ಕೆ ಎಳೆದುಕೊ!”

“ನಮ್ಮ ಹುಡುಗನ ಆಟವನ್ನು ನಮ್ಮ ಮನೆಯಲ್ಲೇ ನೋಡಬಾರದೇನೋ?” ಎಂದು ತಾಯಿಗೆ ಬೇಸರ.

ಜಯನಗರದಲ್ಲಿಯೇ ಏಕೆ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಯಾವ ಮನೆಯಲ್ಲಾದರೂ ಇಂದು ನಡೆಯಬಹುದಾದ ಪ್ರಸಂಗವಿದು. ಮಗನ ಕೂಗು ಮೇಲುನೋಟಕ್ಕೆ ಉದ್ಧಟತನವೆಂದೇ ತೋರುತ್ತದೆ. ಆದರೆ ಅದರ ಒಳಗಿರುವುದು ಉದ್ಧಟತನವಲ್ಲ, ನ್ಯಾಯಬುದ್ಧಿ. ಅದು ಹೇಗೆಂದು ತಿಳಿಯಬೇಕಾದರೆ ಈ ಆಟದ ಸ್ವರೂಪವನ್ನೂ ಅದನ್ನು ಲೋಕಕ್ಕೆ ತೋರಿಸುವವರ ಕಷ್ಟವನ್ನೂ ಒಂದಿಷ್ಟು ಅರಿಯಬೇಕು.

ಮರೆಯೇ ಆಟದ ಜೀವಾಳ

1999ರಲ್ಲಿ ಮೊದಲು ಕಾಣಿಸಿಕೊಂಡ ‘ಕೌಂಟರ್-ಸ್ಟ್ರೈಕ್’, 2020ರಲ್ಲಿ ಬಂದ ‘ವ್ಯಾಲರಂಟ್’ ಇವೇ ಮೊದಲಾದ ಗುಂಡೇಟಿನ ಆಟಗಳಲ್ಲಿ ಐವರು ಐವರ ಎರಡು ತಂಡಗಳು ಎದುರುಬದುರಾಗುತ್ತವೆ. ಮೊದಲು ಹದಿಮೂರು ಸುತ್ತುಗಳನ್ನು ಗೆದ್ದ ತಂಡಕ್ಕೆ ಜಯ. ಹನ್ನೆರಡು-ಹನ್ನೆರಡರ ಸಮಬಲವಾದರೆ ಮಾತ್ರ ಆಟ ಮುಂದುವರಿಯುತ್ತದೆ. ಇಲ್ಲಿ ಬೆರಳಿನ ಚುರುಕಿನಷ್ಟೇ ಮುಖ್ಯವಾದುದು ಗುಟ್ಟು. ಎದುರಾಳಿ ಯಾವ ಗೋಡೆಯ ಹಿಂದೆ ಹೊಂಚು ಹಾಕಿದ್ದಾನೆ, ಯಾವ ದಾರಿಯಿಂದ ನುಗ್ಗಲಿದ್ದಾನೆ ಎಂಬುದನ್ನು ಹೆಜ್ಜೆಯ ಸಪ್ಪಳದಿಂದಲೇ ಊಹಿಸಬೇಕು.

ಆದರೆ ಪ್ರೇಕ್ಷಕನಿಗೆ ಈ ಮರೆ ಯಾವುದೂ ಇಲ್ಲ. ಗೋಡೆಗಳ ಆಚೆಗೂ ಎರಡು ತಂಡದವರ ಆಕೃತಿಗಳು ಅವನಿಗೆ ಕಾಣುತ್ತವೆ. ಹೊಂಚು ಹಾಕಿದವನೂ ಕಾಣುತ್ತಾನೆ, ಅದನ್ನರಿಯದೆ ಮುಂದೆ ಬರುತ್ತಿರುವವನೂ ಕಾಣುತ್ತಾನೆ. ನೋಡುವವನ ಎದೆ ಡವಗುಟ್ಟುವುದು ಈ ಕಾರಣದಿಂದಲೇ. ಮದುವೆಮನೆಯಲ್ಲಿ ಇಸ್ಪೀಟಿನ ಆಟ ನಡೆಯುವಾಗ ಬೆನ್ನ ಹಿಂದೆ ನಿಂತು ಎಲ್ಲರ ಎಲೆಗಳನ್ನೂ ನೋಡುವ ಭಾವಮೈದುನನನ್ನು ನೆನೆಸಿಕೊಂಡರೆ ಸಾಕು. ಅವನು ಬಾಯಿ ಬಿಟ್ಟನೆಂದರೆ ಆಟ ಕೆಟ್ಟಿತು. ಈ ಪಂದ್ಯಗಳಲ್ಲಿ ಹಾಗೆ ಬೆನ್ನ ಹಿಂದೆ ನಿಂತವರು ಸಾವಿರಾರು ಮಂದಿ. ಅವರಲ್ಲಿ ಯಾರ ಕೈಯಲ್ಲಿ ಬೇಕಾದರೂ ಫೋನು ಇದ್ದೇ ಇರುತ್ತದೆ.

ಬೇಕೆಂದೇ ಮಾಡುವ ತಡ

ಮಹಾಭಾರತದ ಸಂಜಯನು ವ್ಯಾಸರ ವರದಿಂದ ದಿವ್ಯದೃಷ್ಟಿ ಪಡೆದು, ಕುರುಕ್ಷೇತ್ರದ ಎರಡು ಪಾಳೆಯಗಳನ್ನೂ ಕಂಡವನು. ಅವನ ಮಾತು ಯುದ್ಧ ನಡೆಯುತ್ತಿರುವಾಗಲೇ ಯಾವುದಾದರೊಂದು ಪಾಳೆಯಕ್ಕೆ ಕೇಳಿಸಿದ್ದರೆ ಅದು ಧರ್ಮಯುದ್ಧವಾಗಿ ಉಳಿಯುತ್ತಿತ್ತೇ? ಭೀಷ್ಮಪರ್ವದಲ್ಲಿ ಸಂಜಯನು ರಣರಂಗದಿಂದ ಬಂದು ಭೀಷ್ಮರು ಬಿದ್ದ ಸುದ್ದಿಯನ್ನು ಮೊದಲು ಹೇಳಿ, ಕಳೆದ ಹತ್ತು ದಿನಗಳ ಕಥೆಯನ್ನು ಅನಂತರ ವಿಸ್ತರಿಸುತ್ತಾನೆ. ಕಂಡದ್ದೆಲ್ಲವನ್ನೂ ಹೇಳಿದನು, ಆದರೆ ತಡವಾಗಿ ಹೇಳಿದನು.

ಇಂದಿನ ಪ್ರಸಾರಕರ ನೀತಿಯೂ ಇದೇ. ‘ನೇರ ಪ್ರಸಾರ’ ಎಂದು ಕರೆದರೂ ಪಂದ್ಯವನ್ನು ಬೇಕೆಂದೇ ತಡಮಾಡಿ ತೋರಿಸುತ್ತಾರೆ. ಇದಕ್ಕೆ ಅವರಾಡುವ ಮಾತು ‘ಡಿಲೇ’. ಎಷ್ಟು ತಡ ಬೇಕೆಂಬುದಕ್ಕೆ ಆಟದಲ್ಲಿಯೇ ಲೆಕ್ಕವಿದೆ. ಕೌಂಟರ್-ಸ್ಟ್ರೈಕಿನ ಈಗಿನ ಆವೃತ್ತಿಯಲ್ಲಿ ಒಂದು ಸುತ್ತಿನ ಅವಧಿ 1 ನಿಮಿಷ 55 ಸೆಕೆಂಡು. ಬಾಂಬು ಇಟ್ಟ ಮೇಲೆ ಅದು ಸಿಡಿಯಲು 40 ಸೆಕೆಂಡು. ಎಂದರೆ ಅತಿ ದೀರ್ಘವಾದ ಸುತ್ತೂ ಹೆಚ್ಚುಕಡಿಮೆ ಎರಡೂವರೆ ನಿಮಿಷದಲ್ಲಿ ಮುಗಿಯುತ್ತದೆ. ಪ್ರಸಾರ ಅದಕ್ಕಿಂತ ಹೆಚ್ಚು ಹಿಂದುಳಿದಿದ್ದರೆ, ಗುಟ್ಟು ಹೊರಬೀಳುವ ವೇಳೆಗೆ ಆ ಸುತ್ತೇ ಮುಗಿದಿರುತ್ತದೆ. ಅರವತ್ತನಾಲ್ಕು ಮಂದಿ ಒಂದು ವಿಶಾಲ ಭೂಭಾಗದಲ್ಲಿ ಕಾದಾಡುವ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ದ ಪಂದ್ಯಗಳಲ್ಲಿ ಒಬ್ಬನು ಅಡಗಿದ ಜಾಗದಲ್ಲಿಯೇ ಬಹಳ ಹೊತ್ತು ಇರಬಹುದಾದ್ದರಿಂದ ತಡವೂ ಇನ್ನಷ್ಟು ಬೇಕಾಗುತ್ತದೆ.

ತಡವನ್ನು ಎಲ್ಲಿ ಸೇರಿಸಬೇಕೆಂಬುದು ಮುಂದಿನ ಪ್ರಶ್ನೆ. ಕೌಂಟರ್-ಸ್ಟ್ರೈಕಿನಲ್ಲಿ ಪ್ರೇಕ್ಷಕರಿಗಾಗಿಯೇ ಇರುವ ‘ಟಿ.ವಿ.’ ವ್ಯವಸ್ಥೆಯು ಆಟದ ಸರ್ವರಿನಿಂದಲೇ ದೃಶ್ಯವನ್ನು ತಡಮಾಡಿ ಕಳುಹಿಸಬಲ್ಲುದು. ಆಗ ಪ್ರಸಾರಕನಿಗೂ ಹಳೆಯ ದೃಶ್ಯವೇ ಕಾಣುವುದರಿಂದ ಅವನಿಂದ ಗುಟ್ಟು ಸೋರುವ ಭಯವಿಲ್ಲ. ಆ ಸೌಕರ್ಯವಿಲ್ಲದ ಕಡೆ, 2012ರಿಂದ ಉಚಿತವಾಗಿ ದೊರೆಯುತ್ತಿರುವ ‘ಒ.ಬಿ.ಎಸ್.’ ಎಂಬ ತಂತ್ರಾಂಶದಲ್ಲಿ ತಡವನ್ನು ಸೇರಿಸುತ್ತಾರೆ. ಆಗ ಪ್ರಸಾರದ ಕೋಣೆಯಲ್ಲಿರುವವರೆಲ್ಲರೂ ಆ ಕ್ಷಣದ ಆಟವನ್ನೇ ಕಾಣುತ್ತಾರೆ. ಅವರ ಫೋನುಗಳನ್ನು ಹೊರಗಿಡಿಸುವುದೇ ಸರಿಯಾದ ಕ್ರಮ. ಚಿತ್ರಕ್ಕೆ ತಡವಿಟ್ಟು, ಅಂಕಪಟ್ಟಿಯನ್ನು ಬೇರೊಂದು ಕಡೆ ತಕ್ಷಣವೇ ಪ್ರಕಟಿಸಿದರೆ ಕೋಟೆಯ ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟಂತೆ.

ಚದುರಂಗದವರೂ ಈ ಪಾಠ ಕಲಿತಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೇಂಟ್ ಲೂಯಿಸಿನ ಸಿಂಕ್‌ಫೀಲ್ಡ್ ಕಪ್ ಪಂದ್ಯಾವಳಿಯಿಂದ ಮ್ಯಾಗ್ನಸ್ ಕಾರ್ಲ್‌ಸನ್ ನಡುವೆಯೇ ಹೊರನಡೆದಾಗ ಲೋಕವೆಲ್ಲ ಸಂಶಯದಿಂದ ಗುಸುಗುಟ್ಟಿತು. ಕೂಡಲೇ ವ್ಯವಸ್ಥಾಪಕರು ಪ್ರಸಾರಕ್ಕೆ 15 ನಿಮಿಷಗಳ ತಡವನ್ನು ಸೇರಿಸಿದರು.

ತಡೆಯಿಲ್ಲದ ಹರಿವು

ತಡ ಬೇರೆ, ತಡವರಿಕೆ ಬೇರೆ. ಎರಡು ನಿಮಿಷ ಹಳೆಯದಾದರೂ ಚಿತ್ರವು ಹೊಳೆಯ ನೀರಿನಂತೆ ಹರಿಯಬೇಕು. ಗುಂಡೇಟಿನ ಆಟದಲ್ಲಿ ಇದು ಸುಲಭವಲ್ಲ. ಸೆಕೆಂಡಿಗೆ 60 ಚಿತ್ರಗಳು. ಒಂದೊಂದು ಚಿತ್ರದಲ್ಲಿಯೂ 20 ಲಕ್ಷಕ್ಕೂ ಹೆಚ್ಚು ಬಿಂದುಗಳು. ಇದ್ದುದನ್ನು ಇದ್ದ ಹಾಗೆಯೇ ಕಳುಹಿಸಬೇಕಾದರೆ ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್ ಬೇಕು. ಅದನ್ನು 60 ಲಕ್ಷ ಬಿಟ್‌ಗೆ, ಎಂದರೆ ಐನೂರರಲ್ಲಿ ಒಂದು ಭಾಗಕ್ಕೆ, ಅಡಕ ಮಾಡಿ ಕಳುಹಿಸುವುದು ಸಾಮಾನ್ಯ ರೂಢಿ. ಈ ಅಡಕದ ಉಪಾಯವೆಂದರೆ, ಹಿಂದಿನ ಚಿತ್ರಕ್ಕಿಂತ ಬದಲಾದ ಭಾಗವನ್ನಷ್ಟೇ ಕಳುಹಿಸುವುದು. ವಾರ್ತೆ ಓದುವವರ ಚಿತ್ರದಲ್ಲಿ ತುಟಿಯೊಂದೇ ಅಲುಗುತ್ತದೆ, ಉಪಾಯ ಫಲಿಸುತ್ತದೆ. ಆದರೆ ಆಟಗಾರನು ಥಟ್ಟನೆ ಹಿಂದಿರುಗಿದಾಗ ಪರದೆಯ ತುಂಬ ಎಲ್ಲವೂ ಬದಲು. ಹೊಗೆ, ಹುಲ್ಲು, ಕಿಡಿಗಳೂ ಸೇರಿದರೆ ಚಿತ್ರ ಕಲಸಿದ ರಂಗೋಲಿಯಂತಾಗುತ್ತದೆ. ಆದ್ದರಿಂದ ಅನುಭವಿಗಳು ಆಟಕ್ಕೊಂದು ಕಂಪ್ಯೂಟರನ್ನೂ ಚಿತ್ರವನ್ನು ಅಡಕ ಮಾಡುವುದಕ್ಕೆ ಮತ್ತೊಂದನ್ನೂ ಇಡುತ್ತಾರೆ. ವೈ-ಫೈಯನ್ನು ನೆಚ್ಚದೆ ತಂತಿಯನ್ನೇ ಜೋಡಿಸುತ್ತಾರೆ. ಬೆಸ್ಕಾಂ ವಿದ್ಯುತ್ತು ಕೈಕೊಟ್ಟರೆ ಇರಲೆಂದು ಯು.ಪಿ.ಎಸ್. ಇರಿಸಿ, ಬೇರೊಂದು ಕಂಪನಿಯ ಎರಡನೆಯ ಇಂಟರ್ನೆಟ್ ಸಂಪರ್ಕವನ್ನೂ ಸಿದ್ಧವಾಗಿಟ್ಟುಕೊಳ್ಳುತ್ತಾರೆ.

ಹರಿವಿನಲ್ಲಿಯೂ ನ್ಯಾಯದ ಪ್ರಶ್ನೆ ಅಡಗಿದೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಮುಂಬಯಿಯ ಸರ್ವರಿಗೆ ಹೋಗಿಬರಲು ನೇರ ದಾರಿಯಲ್ಲಿಯೂ ಎಂಟು ಮಿಲಿಸೆಕೆಂಡು ಬೇಕು. ಸಿಂಗಪುರಕ್ಕಾದರೆ ಮೂವತ್ತಕ್ಕೂ ಹೆಚ್ಚು. ನಿಜವಾದ ತಂತಿಗಳು ಸುತ್ತುಬಳಸಿ ಹೋಗುವುದರಿಂದ ಈ ಕಾಲ ಇನ್ನೂ ಬೆಳೆಯುತ್ತದೆ. ಸೆಕೆಂಡಿಗೆ 128 ಬಾರಿ ಲೆಕ್ಕ ಹಾಕುವ ವ್ಯಾಲರಂಟಿನ ಸರ್ವರಿಗೆ ಒಂದು ಲೆಕ್ಕದ ಅವಧಿ ಎಂಟು ಮಿಲಿಸೆಕೆಂಡಿಗೂ ಕಡಿಮೆ. ಬಿ.ಟಿ.ಎಂ. ಬಡಾವಣೆಯ ವಸತಿಗೃಹದಲ್ಲಿ ಇಪ್ಪತ್ತು ಜನರು ಹಂಚಿಕೊಂಡ ಸಂಪರ್ಕದಿಂದ ಆಡುವವನಿಗೆ ಈ ಅಂಕೆಗಳೇ ಸೋಲುಗೆಲವು. ಅದೇ ಸಂಪರ್ಕದಿಂದ ಪ್ರಸಾರವನ್ನೂ ನಡೆಸಿದರೆ ಅವನಿಗೆ ಅನ್ಯಾಯವೆಸಗಿದಂತೆಯೇ.

ಕಣ್ಣು ಯಾರ ಕಡೆಗೆ?

ಆಡುವವರು ಹತ್ತು ಮಂದಿ, ಪರದೆ ಒಂದು. ಯಾವ ಕ್ಷಣ ಯಾರನ್ನು ತೋರಿಸಬೇಕೆಂದು ನಿರ್ಧರಿಸುವವನು ‘ಅಬ್ಸರ್ವರ್’. ನಕ್ಷೆಯ ಮೇಲಿನ ಚುಕ್ಕಿಗಳನ್ನು ನೋಡಿ, ಘರ್ಷಣೆ ನಡೆಯುವ ಮುನ್ನವೇ ಅವನು ಅಲ್ಲಿಗೆ ತಲಪಬೇಕು. ಹೆಸರಾಂತನ ಬೆನ್ನನ್ನೇ ಅವನು ಹಿಡಿದರೆ, ಮೂಲೆಯೊಂದನ್ನು ಉಸಿರು ಬಿಗಿಹಿಡಿದು ಕಾದು ತಂಡವನ್ನು ಉಳಿಸಿದ ಹೊಸಬನು ಯಾರ ಕಣ್ಣಿಗೂ ಬೀಳುವುದಿಲ್ಲ. ದೊಡ್ಡ ತಂಡಗಳು ಹೊಸಬರನ್ನು ಗುರುತಿಸುವುದು ಇಂತಹ ಪ್ರಸಾರಗಳಿಂದಲೂ ಹೌದು. ಆದ್ದರಿಂದ ಆ ಕಣ್ಣಿನ ಪಕ್ಷಪಾತವೆಂದರೆ ಒಬ್ಬ ಹುಡುಗನ ಭವಿಷ್ಯದ ಪ್ರಶ್ನೆ.

ನೋಡುವ ಕಣ್ಣೇ ಕಳ್ಳಗಣ್ಣಾದ ನಿದರ್ಶನವೂ ಉಂಟು. ಕೌಂಟರ್-ಸ್ಟ್ರೈಕಿನಲ್ಲಿದ್ದ ಒಂದು ದೋಷದಿಂದ ತಂಡದ ತರಬೇತುದಾರನ ನೋಟವು ರಣರಂಗದ ಯಾವುದೋ ಒಂದೆಡೆ ನಿಂತುಬಿಟ್ಟು, ಅವನು ಕಾಣಬಾರದ್ದು ಕಾಣುತ್ತಿತ್ತು. 2020ರ ಸೆಪ್ಟೆಂಬರಿನಲ್ಲಿ ‘ಎಸ್ಪೋರ್ಟ್ಸ್ ಇಂಟೆಗ್ರಿಟಿ ಕಮಿಷನ್’ ಹಳೆಯ ಪಂದ್ಯಗಳ ದಾಖಲೆಗಳನ್ನು ಶೋಧಿಸಿ 37 ತರಬೇತುದಾರರನ್ನು ಶಿಕ್ಷೆಗೆ ಗುರಿಪಡಿಸಿತು.

ಭಾರತವೂ ಈ ಕಹಿಯನ್ನುಂಡಿದೆ. 2018ರ ಅಕ್ಟೋಬರಿನಲ್ಲಿ ಶಾಂಘೈ ನಗರದ ಏಷ್ಯಾ ಮಟ್ಟದ ಪಂದ್ಯಾವಳಿಯಲ್ಲಿ ‘ಆಪ್ಟಿಕ್ ಇಂಡಿಯಾ’ ತಂಡ ಆಡುತ್ತಿದ್ದಾಗ ಅಧಿಕಾರಿಗಳು ಪಂದ್ಯವನ್ನು ನಿಲ್ಲಿಸಿ, ಒಬ್ಬ ಆಟಗಾರನ ಕಂಪ್ಯೂಟರಿನಲ್ಲಿ ಗುರಿಯಿಡಲು ನೆರವಾಗುವ ಮೋಸದ ತಂತ್ರಾಂಶವನ್ನು ಪತ್ತೆಹಚ್ಚಿದರು. ತಂಡ ಅನರ್ಹವಾಯಿತು, ಕೆಲವೇ ದಿನಗಳಲ್ಲಿ ವಿಸರ್ಜನೆಯೂ ಆಯಿತು. ಒಬ್ಬನ ತಪ್ಪಿಗೆ ಉಳಿದ ನಾಲ್ವರೂ ದಂಡ ತೆತ್ತರು. ಅಲ್ಲಿ ಕುರ್ಚಿಯ ಹಿಂದೆಯೇ ಅಧಿಕಾರಿಯಿದ್ದನು. ಮನೆಮನೆಯಿಂದ ಆಡುವ ಸಣ್ಣ ಪಂದ್ಯಾವಳಿಗಳಲ್ಲಿ ಯಾರಿದ್ದಾರೆ?

ಮುಚ್ಚಿದ ಬಾಗಿಲಿನ ಅರ್ಥ

ಈ ಆಟಗಳು ಇಂದು ಹುಡುಗಾಟಿಕೆಯಾಗಿ ಉಳಿದಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಇ-ಕ್ರೀಡೆಯನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಕ್ರೀಡೆಗೆ ಪದಕಗಳು ಸಂದವು. 2025ರ ಆಗಸ್ಟಿನ ಕಾಯಿದೆಯು ಹಣ ಪಣಕ್ಕೊಡ್ಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಯನ್ನು ಅವುಗಳಿಂದ ಬೇರೆಯಾಗಿ ಮನ್ನಿಸಿತು. ಆದರೆ ಕಾಯಿದೆ ಕೊಡುವುದು ಮನ್ನಣೆಯನ್ನು. ನಂಬಿಕೆಯನ್ನು ಆಡುವವರೂ ತೋರಿಸುವವರೂ ಗಳಿಸಿಕೊಳ್ಳಬೇಕು.

ಈಗ ಜಯನಗರದ ಮನೆಗೆ ಹಿಂದಿರುಗೋಣ. ಹಜಾರದ ಪರದೆಯ ಮೇಲಿನ ದೃಶ್ಯ ಎರಡೂವರೆ ನಿಮಿಷ ಹಳೆಯದು. ಆ ಸುತ್ತು ಮುಗಿದಿದೆ, ನಿಜ. ಆದರೆ ಎದುರಾಳಿಗಳು ಎಲ್ಲಿ ಕಾಯುವ ಅಭ್ಯಾಸದವರು, ಮೊದಲು ಯಾವ ದಿಕ್ಕಿಗೆ ಓಡುವವರು ಎಂಬುದು ಎರಡೂವರೆ ನಿಮಿಷದಲ್ಲಿ ಬದಲಾಗುವುದಿಲ್ಲ. ಯಂತ್ರದ ತಡವು ಅರ್ಧ ಕಾವಲು ಮಾತ್ರ. ಮಿಕ್ಕರ್ಧ ಆಡುವವನ ಮನಸ್ಸಿನಲ್ಲಿದೆ.

ಅರ್ಧ ಪಂದ್ಯ ಮುಗಿದು ಸಣ್ಣ ವಿರಾಮ. ಮಗ ನೀರು ಕುಡಿಯಲು ಅಡಿಗೆಮನೆಗೆ ಹೋಗಬೇಕು. ದಾರಿ ಇರುವುದು ಹಜಾರದ ಮೂಲಕವೇ. ಎದುರಾಳಿಯ ಐವರೂ ದೊಡ್ಡ ಪರದೆಯ ಮೇಲೆ ಹಗಲಿನಷ್ಟು ಸ್ಪಷ್ಟವಾಗಿ ಕಾಣುತ್ತಿದ್ದಾರೆ. ಅವನು ನೋಡಿದರೆ ಹೇಳುವವರಿಲ್ಲ, ಕೇಳುವವರಿಲ್ಲ. ಮಗನು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಹಜಾರವನ್ನು ದಾಟುತ್ತಾನೆ. ಲೋಟವನ್ನು ತೊಳೆದಿಟ್ಟು ಹಾಗೆಯೇ ಹಿಂದಿರುಗುತ್ತಾನೆ.

ತಾಯಿ ಅದನ್ನು ನೋಡುತ್ತಾರೆ. ಏನೂ ಕೇಳುವುದಿಲ್ಲ. ಸದ್ದನ್ನು ಇನ್ನಷ್ಟು ತಗ್ಗಿಸಿ, ಎದ್ದು ಹೋಗಿ, ಕೋಣೆಯ ಬಾಗಿಲನ್ನು ತಾವೇ ಮೆಲ್ಲಗೆ ಮುಂದಕ್ಕೆಳೆಯುತ್ತಾರೆ.